ಧನುರ್ಮಾಸದಲ್ಲೇ ಗ್ಯಾಸ್ ಗೀಸರ್ ಕೈಕೊಟ್ಟಿದೆ, ಅನುಭವ ಇದ್ದವರು ಹೇಳಿ

ಬೋಗಾದಿ, ಮೈಸೂರು:
ನಮ್ಮದು 6 ಲೀಟರಿನ ಗ್ಯಾಸ್ ಗೀಸರ್. ಮೂರು ವರ್ಷ ಹಳೆಯದು, ಬಚ್ಚಲುಮನೆಯ ಒಳಗೇ ಇದೆ. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಮರುಮಾತಿಲ್ಲದೆ ಹೊತ್ತಿಕೊಳ್ಳುತ್ತದೆ. ಬೆಳಗಿನ ಜಾವ ಐದು ಗಂಟೆಗೆ ಮಾತ್ರ ಅದರ ರಗಳೆ. ಒಂದು ದಿನ ಸದ್ದೇ ಇಲ್ಲ. ಇನ್ನೊಂದು ದಿನ ಟಿಕ್ ಟಿಕ್ ಎನ್ನುತ್ತದೆ, ಬೆಂಕಿ ಬರುವುದಿಲ್ಲ. ಹೊತ್ತಿಕೊಂಡ ದಿನ ಹತ್ತು ನಿಮಿಷಕ್ಕೆ ತಾನಾಗಿ ಆರಿಹೋಗುತ್ತದೆ. ಅಪ್ಪನಿಗೆ ಎಪ್ಪತ್ತೆಂಟು ವರ್ಷ. ಧನುರ್ಮಾಸದ ಪೂಜೆ ತಪ್ಪಿಸುವುದಿಲ್ಲ, ತಣ್ಣೀರಾದರೂ ಸರಿ ಎಂದು ಕುಳಿತಿದ್ದಾರೆ. ನೋಡಲು ಬಂದ ಮೆಕ್ಯಾನಿಕ್ ಮುಚ್ಚಳವನ್ನೂ ಬಿಚ್ಚದೆ "ಹೊಸದು ಹಾಕಿಸಿಬಿಡಿ ಮೇಡಂ" ಎಂದು ಹೇಳಿ ಇನ್ನೂರು ರೂಪಾಯಿ ತೆಗೆದುಕೊಂಡು ಹೋದ. ನಿಜಕ್ಕೂ ಹೊಸದೇ ಬೇಕೆ?

ಕುವೆಂಪುನಗರ, ನಿವೃತ್ತ ಐಟಿಐ ಶಿಕ್ಷಕ:
ಬೇಡಮ್ಮ, ಸದ್ಯಕ್ಕೆ ಬೇಡ. ನೀವು ಒಂದೇ ಕಾಯಿಲೆ ಎಂದುಕೊಂಡಿರುವುದು ಮೂರು ಕಾಯಿಲೆ. ಗೀಸರ್ ಹೊತ್ತಿಕೊಳ್ಳುವುದಕ್ಕೆ ಒಂದು ಕ್ರಮವಿದೆ. ನೀರು ಹರಿದಾಗ ಅದರ ಒತ್ತಡಕ್ಕೆ ಒಳಗಿನ ರಬ್ಬರ್ ಪೊರೆ ಉಬ್ಬಿ ಒಂದು ಸಣ್ಣ ಸ್ವಿಚ್ಚನ್ನು ತಳ್ಳುತ್ತದೆ. ಆಗ ಬ್ಯಾಟರಿಯ ಬಲದಿಂದ ಕಿಡಿ ಹಾರುತ್ತದೆ, ಗ್ಯಾಸಿನ ವಾಲ್ವ್ ತೆರೆಯುತ್ತದೆ. ಬೆಂಕಿ ನಿಂತಿದೆ ಎಂದು ಒಂದು ಲೋಹದ ಕಡ್ಡಿ ಖಾತರಿ ಮಾಡಿಕೊಂಡರಷ್ಟೇ ಗ್ಯಾಸ್ ಮುಂದುವರಿಯುತ್ತದೆ. ಈ ಸರಪಳಿ ಎಲ್ಲಿ ತುಂಡಾಯಿತು ಎಂದು ಕಿವಿಗೊಟ್ಟು ಕೇಳಿದರೆ ಅರ್ಧ ರಿಪೇರಿ ಆದಂತೆ.

ಸದ್ದೇ ಇಲ್ಲದ ದಿನ ಗ್ಯಾಸನ್ನು ಬೈಯಬೇಡಿ. ನೀರಿನ ಒತ್ತಡ ಸಾಲದು, ಇಲ್ಲವೇ ಬ್ಯಾಟರಿ ಸೋತಿದೆ. ಕೆಳಗಿನ ಡಬ್ಬಿಯಲ್ಲಿ ಒಂದೂವರೆ ವೋಲ್ಟಿನ ಎರಡು ದಪ್ಪ ಸೆಲ್ ಇರುತ್ತವೆ. ಗೋಡೆ ಗಡಿಯಾರಕ್ಕೆ ಸಾಕಾಗುವಷ್ಟು ಜೀವವಿರುವ ಸೆಲ್ ಕಿಡಿ ಹಾರಿಸಲು ಸಾಕಾಗುವುದಿಲ್ಲ, ಚಳಿಯಲ್ಲಂತೂ ಅದು ಇನ್ನಷ್ಟು ಮಂಕು. ನಮ್ಮ ಮನೆಯಲ್ಲಿ ನಾನು ಹೊಸ ಸೆಲ್ ಹಾಕಿಯೂ ಮೂರು ದಿನ ಪರದಾಡಿದೆ. ನಾಲ್ಕನೆಯ ದಿನ ಕನ್ನಡಕ ಹಾಕಿಕೊಂಡು ನೋಡಿದರೆ, ಸ್ಪ್ರಿಂಗಿನ ಸುರುಳಿಗಳ ನಡುವೆ ಸುಣ್ಣದಂಥ ಬಿಳಿ ಪುಡಿ, ತುದಿಯಲ್ಲಿ ತಾಮ್ರದ ಚೊಂಬಿಗೆ ಹಿಡಿಯುವ ಹಸಿರು ಕಿಲುಬು. ಹಳೆಯ ಸೆಲ್ ಸೋರಿ ಹೋಗಿತ್ತು. ಉಪ್ಪುಕಾಗದದ ಚೂರಿನಿಂದ ಲೋಹ ಮಿಂಚುವವರೆಗೆ ಉಜ್ಜಿದೆ, ಅಷ್ಟೇ. ಮೂವತ್ತು ವರ್ಷ ಹುಡುಗರಿಗೆ ವಿದ್ಯುತ್ ಪಾಠ ಹೇಳಿದವನ ಕಥೆ ಇದು. ಸೆಲ್ ಕೊಳ್ಳುವಾಗ ಆಲ್ಕಲೈನ್ ಎಂದು ಕೇಳಿ ತನ್ನಿ.

ಟಿಕ್ ಟಿಕ್ ಎಂದರೂ ಹೊತ್ತದಿದ್ದರೆ ಕಿಡಿ ದುರ್ಬಲ, ಅಥವಾ ಗ್ಯಾಸ್ ತಲುಪಿಲ್ಲ. ಸಿಲಿಂಡರ್ ಬದಲಿಸಿದ ಹೊಸದರಲ್ಲಿ ಪೈಪಿನಲ್ಲಿ ಗಾಳಿ ಇರುತ್ತದೆ, ಎರಡು ಮೂರು ಸಲ ಪ್ರಯತ್ನಿಸಿದರೆ ಸರಿಹೋಗುತ್ತದೆ. ಪ್ರತಿ ಸಲವೂ ನಲ್ಲಿ ನಿಲ್ಲಿಸಿ ವಾಸನೆ ಪೂರ್ತಿ ಹೋಗಲು ಬಿಡಿ. ಬರ್ನರಿನ ಸಣ್ಣ ತೂತುಗಳಲ್ಲಿ ಜೇಡ ಬಲೆ ಕಟ್ಟಿರುವುದೂ ಉಂಟು. ಅದನ್ನು ಮಾತ್ರ ನೀವು ಬಿಚ್ಚಬೇಡಿ, ಕೆಲಸ ಬಲ್ಲವರಿಗೆ ಬಿಡಿ.

ಇನ್ನು ಆರಿಹೋಗುವುದು. ಹೊತ್ತಿಕೊಂಡ ಕೆಲವೇ ಕ್ಷಣಕ್ಕೆ ಆರಿದರೆ ಆ ಲೋಹದ ಕಡ್ಡಿಗೆ ಮಸಿ ಹಿಡಿದಿದೆ ಎಂದರ್ಥ. ಇಪ್ಪತ್ತು ನಿಮಿಷಕ್ಕೆ ಆರಿದರೆ ಅದು ಕೆಡುಕಲ್ಲ, ಬಹಳಷ್ಟು ಮಾದರಿಗಳಲ್ಲಿ ಸುರಕ್ಷತೆಗಾಗಿ ಹಾಗೆಯೇ ಮಾಡಿರುತ್ತಾರೆ. ನಿಮ್ಮದು ಹತ್ತು ನಿಮಿಷ. ನನಗೆ ನೆಮ್ಮದಿ ಕೆಡಿಸುತ್ತಿರುವುದು ಇದೊಂದೇ. ನಿಮ್ಮ ಬಚ್ಚಲಿನ ವೆಂಟಿಲೇಟರ್ ತೆರೆದಿದೆಯೇ?

ಸುಭಾಷ್‌ನಗರ, ಮಂಡ್ಯ:
ಅಕ್ಕಾ, ಮೇಷ್ಟ್ರು ನೀರಿನ ಮಾತನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟರು. ನಮ್ಮ ಮನೆಯಲ್ಲಿ ಕಾಟ ಕೊಟ್ಟದ್ದೇ ಅದು. ನೀರು ಒಳಗೆ ಹೋಗುವ ಪೈಪಿನ ಬಾಯಲ್ಲಿ ಚಹಾ ಸೋಸುವ ಜರಡಿಯಂಥ ಪುಟ್ಟ ಜಾಲರಿ ಇರುತ್ತದೆ. ಟ್ಯಾಂಕ್ ತೊಳೆಸಿದ ಮರುದಿನವೇ ನಮ್ಮದು ನಿಂತಿತು. ತೆಗೆದು ನೋಡಿದರೆ ಜಾಲರಿಯ ತುಂಬ ಮರಳು, ಒಂದು ಚೂರು ಟೆಫ್ಲಾನ್ ಟೇಪು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಹಾಕಿದೆ. ನಮ್ಮದು ಬೋರ್‌ವೆಲ್ ನೀರು, ಗಡಸು. ಒಳಗಿನ ತಾಮ್ರದ ಸುರುಳಿಯಲ್ಲಿಯೂ ಬಿಳಿ ಪೊರೆ ಕಟ್ಟುತ್ತದೆ, ಅದನ್ನು ವರ್ಷಕ್ಕೊಮ್ಮೆ ತೆಗೆಸುತ್ತೇನೆ. ನಿಮಗೆ ಕಾವೇರಿ ನೀರಾದರೆ ಆ ಕಷ್ಟ ಕಡಿಮೆ.

ಇನ್ನೊಂದು ಮಾತು. ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಬಾರ್ ಒತ್ತಡ ಕೊಡುತ್ತದೆ. ನಿಮ್ಮದು ಮೇಲಿನ ಮಹಡಿಯಾಗಿದ್ದು ಟ್ಯಾಂಕ್ ನೆತ್ತಿಯ ಮೇಲೆಯೇ ಇದ್ದರೆ ಸಿಗುವುದು ಅದರ ಕಾಲು ಭಾಗ. ಬೆಳಗ್ಗೆ ಐದಕ್ಕೆ ಕೆಳಗಿನ ಮನೆಯವರೂ ನಲ್ಲಿ ತಿರುಗಿಸಿದರೆ ಪೊರೆ ಉಬ್ಬುವುದಾದರೂ ಹೇಗೆ? ಮಧ್ಯಾಹ್ನ ಅವರೆಲ್ಲ ಕೆಲಸಕ್ಕೆ ಹೋಗಿರುತ್ತಾರೆ!

ಜಯಲಕ್ಷ್ಮೀಪುರಂ:
ಅಮೆರಿಕದ ಮಿನೆಸೋಟದಲ್ಲಿರುವ ನನ್ನ ತಮ್ಮ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಮನೆಗಾಡಿಯೊಂದನ್ನು ಇಟ್ಟುಕೊಂಡಿದ್ದಾನೆ. ಅದರೊಳಗಿನ ಗ್ಯಾಸ್ ಹೀಟರ್ ಚಳಿ ರಾತ್ರಿಯಲ್ಲಿ ಹೀಗೆಯೇ ಮುಷ್ಕರ ಹೂಡಿತಂತೆ. ಅಲ್ಲಿ ನೀರಿನ ಬದಲು ಫ್ಯಾನಿನ ಗಾಳಿ ಒಂದು ತೆಳು ತಗಡನ್ನು ತಳ್ಳಬೇಕು, ತಳ್ಳಿದರಷ್ಟೇ ಗ್ಯಾಸ್. 12 ವೋಲ್ಟಿನ ಬ್ಯಾಟರಿ ಇಳಿದು ಫ್ಯಾನ್ ನಿಧಾನವಾಗಿತ್ತು, ತಗಡು ಅಲುಗಲಿಲ್ಲ. ಅವನು ಮೊದಲು ಬಯ್ದದ್ದು ಗ್ಯಾಸನ್ನೇ. ಅಲ್ಲಿ ಸಿಲಿಂಡರಿನಲ್ಲಿ ಪ್ರೊಪೇನ್ ತುಂಬುತ್ತಾರೆ. ಬ್ಯುಟೇನ್ ಆದರೆ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದೇ ನಿಲ್ಲುತ್ತದೆ.

ಶ್ರೀರಾಂಪುರ:
ನಮ್ಮ ಎಲ್‌ಪಿಜಿಯಲ್ಲಿ ಎರಡೂ ಬೆರೆತಿರುತ್ತವೆ, ಮೈಸೂರಿನ ಚಳಿ ಅದನ್ನು ನಿಲ್ಲಿಸುವಷ್ಟು ದೊಡ್ಡದಲ್ಲ. ಆದರೆ ಸಿಲಿಂಡರ್ ತಳ ಕಾಣುವ ಹೊತ್ತಿಗೆ ಬೆಳಗಿನ ಜಾವ ಒತ್ತಡ ಇಳಿಯುವುದು ನಿಜ. 6 ಲೀಟರಿನ ಗೀಸರ್ ಪೂರ್ತಿ ಉರಿದರೆ ಗಂಟೆಗೆ ಹತ್ತಿರ ಹತ್ತಿರ ಒಂದು ಕಿಲೋ ಗ್ಯಾಸ್ ಬೇಡುತ್ತದೆ, ಅಡುಗೆ ಒಲೆಯ ಒಂದು ಬರ್ನರಿನ ನಾಲ್ಕೈದು ಪಟ್ಟು. ಒಲೆಯ ಮೇಲೆ ಹುಗ್ಗಿ ಬೇಯುತ್ತಿರುವಾಗ ಅದೇ ಸಿಲಿಂಡರಿನಿಂದ ಗೀಸರ್ ಹಚ್ಚಿದರೆ ಎರಡೂ ಅರೆಹೊಟ್ಟೆ. ಸಿಲಿಂಡರನ್ನು ಬಿಸಿನೀರಿನಲ್ಲಿ ಇಡುವುದು, ಮಲಗಿಸಿ ಉರಿಸುವುದು ಇವನ್ನು ಮಾತ್ರ ಮಾಡಬೇಡಿ. ಮಲಗಿಸಿದರೆ ದ್ರವವೇ ಪೈಪಿಗೆ ನುಗ್ಗುತ್ತದೆ. ಸೋರಿಕೆಯ ಅನುಮಾನ ಬಂದರೆ ಸೋಪಿನ ನೊರೆ ಹಚ್ಚಿ ನೋಡಿ, ಕಡ್ಡಿ ಗೀರಬೇಡಿ. ವಾಸನೆ ಜೋರಾಗಿದ್ದರೆ ರೆಗ್ಯುಲೇಟರ್ ಮುಚ್ಚಿ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ವಿಜಯನಗರ ಎರಡನೆಯ ಹಂತ:
ನಮ್ಮದು ಹೊತ್ತಿಕೊಳ್ಳುತ್ತದೆ, ಆದರೆ ಡಿಸೆಂಬರಿನಲ್ಲಿ ನೀರು ಉಗುರುಬೆಚ್ಚಗೆ ಅಷ್ಟೇ.

ಕುವೆಂಪುನಗರದ ಶಿಕ್ಷಕ:
ಮುಂಭಾಗದಲ್ಲಿ ಬೇಸಿಗೆ, ಚಳಿಗಾಲ ಎಂದು ಬರೆದ ತಿರುಗಣೆ ಇದ್ದರೆ ಅದು ಏಪ್ರಿಲಿನಿಂದ ಬೇಸಿಗೆಯಲ್ಲಿಯೇ ನಿಂತಿದೆಯೋ ನೋಡಿ. ಅದಿಲ್ಲದಿದ್ದರೆ ನಲ್ಲಿಯನ್ನು ಸ್ವಲ್ಪ ಬಿಗಿಮಾಡಿ. ಗೀಸರ್ ನೀರಿಗೆ ಸೇರಿಸುವ ಶಾಖ ಅಷ್ಟೇ, ಟ್ಯಾಂಕಿನ ನೀರು ತಣ್ಣಗಾದಷ್ಟೂ ಹೊರಬರುವ ನೀರೂ ತಣ್ಣಗೆ.

ಸರಸ್ವತೀಪುರಂ:
ಮೇಷ್ಟ್ರು ಕೇಳಿದ ಪ್ರಶ್ನೆಗೆ ಬೋಗಾದಿಯವರು ಇನ್ನೂ ಉತ್ತರ ಕೊಟ್ಟಿಲ್ಲ. ದಯವಿಟ್ಟು ಮೊದಲು ಅದನ್ನು ನೋಡಿ. ಕೆಲವು ವರ್ಷಗಳ ಹಿಂದೆ ನನ್ನ ತಂಗಿಯ ಮನೆಯಲ್ಲಿ ಇದೇ ಜನವರಿ ಚಳಿಗೆ ವೆಂಟಿಲೇಟರಿಗೆ ಥರ್ಮೋಕೋಲ್ ತುರುಕಿದ್ದರು. ಗೀಸರ್ ಒಳಗಿತ್ತು. ಅವಳ ಮಗಳು ತಲೆಗೆ ಸ್ನಾನ ಮಾಡುತ್ತಿದ್ದಳು. ಬಕೆಟ್ ತುಂಬಿ ಹರಿಯುವ ಸದ್ದು ನಿಲ್ಲಲೇ ಇಲ್ಲ. ಕೂಗಿದರೆ ಉತ್ತರವಿಲ್ಲ. ಭಾವ ಬಾಗಿಲು ಮುರಿದು ನೋಡಿದಾಗ ಹುಡುಗಿ ನೆಲದ ಮೇಲಿದ್ದಳು. ಉಳಿದಳು, ದೇವರು ದೊಡ್ಡವನು. ಹಿಂದಿನ ಎರಡು ವಾರ ಸ್ನಾನ ಮುಗಿಸಿ ಬಂದಾಗಲೆಲ್ಲ "ತಲೆನೋವು, ವಾಕರಿಕೆ" ಎಂದಿದ್ದಳಂತೆ. ಉಪವಾಸ ಮಾಡಬೇಡ ಎಂದು ಬೈದು ಸುಮ್ಮನಾಗಿದ್ದರು.

ಗ್ಯಾಸ್ ಸೋರಿದರೆ ಮೂಗಿಗೆ ತಿಳಿಯಲೆಂದೇ ಅದಕ್ಕೆ ವಾಸನೆ ಬೆರೆಸಿರುತ್ತಾರೆ. ಗಾಳಿ ಸಾಲದೆ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಉರಿ ನೀಲಿಯಾಗಿರಬೇಕು. ಹಳದಿಯಾಗಿ ಓಲಾಡುತ್ತಿದ್ದರೆ, ಮೇಲಿನ ಗೋಡೆಗೆ ಮಸಿ ಹಿಡಿದಿದ್ದರೆ ಆ ಗೀಸರನ್ನು ಹಚ್ಚಲೇಬೇಡಿ. ಕೆಲವು ಮಾದರಿಗಳಲ್ಲಿ ಆಮ್ಲಜನಕ ಇಳಿದರೆ ಆರಿಸುವ ಏರ್ಪಾಡು ಇರುತ್ತದೆ. ನಿಮ್ಮದು ಹತ್ತು ನಿಮಿಷಕ್ಕೆ ಆರುತ್ತಿರುವುದು ಅದರಿಂದಲೇ ಆಗಿದ್ದರೆ, ಅದು ಕೆಟ್ಟಿಲ್ಲ, ನಿಮ್ಮಪ್ಪನನ್ನು ಕಾಯುತ್ತಿದೆ.

ಮಂಡ್ಯದ ಹಳ್ಳಿಯಿಂದ:
ನಮ್ಮಲ್ಲಿ ಇನ್ನೂ ಹಂಡೆ ಒಲೆಯೇ. ತೆಂಗಿನ ಗರಿ, ಕರಟ, ಊದುಗೊಳವೆ. ಬ್ಯಾಟರಿ ಬೇಕಾಗಿಲ್ಲ, ಹೊಗೆ ಮಾತ್ರ ಕಣ್ಣಿಗೆ ಉಚಿತ.

ಬೋಗಾದಿ:
ಎಲ್ಲರ ಮಾತನ್ನೂ ಒಂದು ಸಲ ಓದಿ, ಸರಸ್ವತೀಪುರದವರ ಮಾತನ್ನು ಮತ್ತೊಮ್ಮೆ ಓದಿ ಎದ್ದು ಹೋದೆ. ನಾನೇ ನವೆಂಬರಿನಲ್ಲಿ ಅಪ್ಪನಿಗೆ ಗಾಳಿ ತಾಗಬಾರದೆಂದು ವೆಂಟಿಲೇಟರಿಗೆ ಹಳೆಯ ಫ್ಲೆಕ್ಸ್ ಹೊಡೆದಿದ್ದೆ. ಮಧ್ಯಾಹ್ನ ಬಟ್ಟೆ ಒಗೆಯುವಾಗ ಬಾಗಿಲು ತೆರೆದೇ ಇರುತ್ತದೆ, ಬೆಳಗ್ಗೆ ಅಪ್ಪ ಚಿಲಕ ಹಾಕಿಕೊಳ್ಳುತ್ತಾರೆ. ಇದು ನನಗೆ ಹೊಳೆದೇ ಇರಲಿಲ್ಲ. ಫ್ಲೆಕ್ಸ್ ಹರಿದು ಬಿಸಾಡಿದೆ. ಸೆಲ್ ಡಬ್ಬಿಯಲ್ಲಿ ಮೇಷ್ಟ್ರು ಹೇಳಿದ ಕಿಲುಬು ಇತ್ತು, ಉಜ್ಜಿ ಹೊಸ ಸೆಲ್ ಹಾಕಿದ ಮೇಲೆ ಟಿಕ್ ಎಂದ ಕೂಡಲೇ ಹೊತ್ತಿಕೊಂಡಿತು. ಜಾಲರಿಯಲ್ಲಿ ಅಷ್ಟೇನೂ ಇರಲಿಲ್ಲ. ಗೀಸರನ್ನು ಹಿತ್ತಲಿನ ಗೋಡೆಗೆ ಸಾಗಿಸಲು ಪ್ಲಂಬರ್ ಭಾನುವಾರ ಬರುತ್ತೇನೆಂದಿದ್ದಾನೆ. ಅಲ್ಲಿಯವರೆಗೆ ಬಾಗಿಲು ತೆರೆದಿಟ್ಟು ಎರಡು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಐದು ನಿಮಿಷ ಬಿಟ್ಟು ಅಪ್ಪನನ್ನು ಕರೆಯುತ್ತಿದ್ದೇನೆ. ನೀರು ಆರಿಹೋಗುತ್ತದೆ ಎಂದು ಅವರು ಗೊಣಗುತ್ತಿದ್ದಾರೆ, ಚಿಲಕವನ್ನೂ ತೆಗೆಸಿದ್ದೇನೆ ಎಂಬುದು ಇನ್ನೂ ಗೊತ್ತಾಗಿಲ್ಲ.