ಹಿಮದ ಊರಿನಲ್ಲಿ ಕುದುರೆ ಸವಾರಿಗೆ ಎಂಥ ಬೂಟು ಕೊಳ್ಳಬೇಕು?

ತೋಟದಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ಪಶುವೈದ್ಯಕೀಯ ಪದವಿ ಮುಗಿಸಿರುವ ನಾನು ಬರುವ ಡಿಸೆಂಬರಿನಿಂದ ಮಾರ್ಚ್ ಕೊನೆಯವರೆಗೆ ಕೆನಡಾದ ಆಲ್ಬರ್ಟಾ ಪ್ರಾಂತದಲ್ಲಿ, ಕ್ಯಾಲ್ಗರಿ ನಗರದ ಹೊರವಲಯದ ಒಂದು ಕುದುರೆ ಫಾರ್ಮಿನಲ್ಲಿ ಕೆಲಸ ಕಲಿಯಲು ಹೋಗುತ್ತಿದ್ದೇನೆ. ಬೆಳಿಗ್ಗೆ ಲಾಯ ಗುಡಿಸುವುದು, ಮೇವು ನೀರು ಕೊಡುವುದು, ಆಮೇಲೆ ದಿನವೂ ಒಂದೆರಡು ತಾಸು ಕುದುರೆಯ ಮೇಲೆ ಕುಳಿತು ಬೇಲಿಯುದ್ದಕ್ಕೂ ಸುತ್ತಿ ಬರುವುದು ನನ್ನ ಪಾಲಿನ ಕೆಲಸವೆಂದು ತಿಳಿಸಿದ್ದಾರೆ. ಸವಾರಿ ತಕ್ಕಮಟ್ಟಿಗೆ ಬರುತ್ತದೆ, ಆದರೆ ಕಲಿತದ್ದೆಲ್ಲ ಬೆಂಗಳೂರಿನ ಹವೆಯಲ್ಲಿ. ಚಳಿಯೆಂದರೆ ನನಗೆ ಗೊತ್ತಿರುವುದು ಶಾಲು ಹೊದ್ದರೆ ಮುಗಿದುಹೋಗುವ ಶಿರಸಿಯ ಡಿಸೆಂಬರ್ ಬೆಳಗು ಮಾತ್ರ. ಅಲ್ಲಿಯೋ ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ಅಪರೂಪವಲ್ಲವಂತೆ.

ಕಾಲಿಗೆ ಏನು ಹಾಕಬೇಕೆಂಬುದೇ ನನ್ನ ಪ್ರಶ್ನೆ. ಮಳೆಗಾಲದಲ್ಲಿ ತೋಟಕ್ಕೆ ಹಾಕಿಕೊಂಡು ಹೋಗುವ ಮೊಣಕಾಲುದ್ದದ ಗಂಬೂಟು ಮನೆಯಲ್ಲಿದೆ. ಚಾರಣಕ್ಕೆಂದು ಕೊಂಡ, ದಪ್ಪ ಅಟ್ಟೆಯ, ನೀರು ನುಗ್ಗದ ಬೂಟೂ ಇದೆ. ಗಂಬೂಟಿನೊಳಗೆ ಎರಡು ಜೊತೆ ಕಾಲುಚೀಲ ಹಾಕಿಕೊಂಡರೆ ಸಾಲದೇ? ಚಾರಣದ ಬೂಟಿನಲ್ಲಿ ಸವಾರಿ ಮಾಡಬಹುದೇ? ಹೊಸದನ್ನೇ ಕೊಳ್ಳಬೇಕೆಂದಾದರೆ ಇಲ್ಲಿಂದ ಒಯ್ಯಬೇಕೋ, ಅಲ್ಲಿ ಹೋಗಿ ಕೊಳ್ಳಬೇಕೋ? ಅಂತರಜಾಲದಲ್ಲಿ ನೋಡಿದರೆ ಮಾರಾಟಕ್ಕಿರುವ ಪ್ರತಿಯೊಂದು ಬೂಟೂ ಬೆಚ್ಚಗಿನದು, ಹಗುರವಾದದ್ದು, ನೀರಿಗೆ ಜಗ್ಗದ್ದು ಎಂದೇ ತನ್ನನ್ನು ಹೊಗಳಿಕೊಂಡಿದೆ.

ಕೋಡಿಬಾಗದವ, ಕಾರವಾರ (ಸದ್ಯ ಕ್ಯಾಲ್ಗರಿ)

ನೀವು ಬರಲಿರುವ ಊರಿನ ಚಳಿಯಲ್ಲೇ ಕುಳಿತು ಬರೆಯುತ್ತಿದ್ದೇನೆ. ಬೆಚ್ಚಗಿರುವ ವಿಚಾರಕ್ಕಿಂತ ಮೊದಲು ರಿಕಾಬಿನ, ಅಂದರೆ ಜೀನಿನ ಎರಡೂ ಬದಿಗೆ ತೂಗುವ, ಸವಾರ ಪಾದ ಊರುವ ಬಳೆಯ ವಿಚಾರ ಹೇಳಬೇಕು. ಕಾಲು ಮರಗಟ್ಟುವಂತಾದರೆ ಕುದುರೆಯಿಂದ ಇಳಿದು ನಡೆಯಬಹುದು. ಆದರೆ ಕುದುರೆ ಬೆದರಿ ಸವಾರ ಬಿದ್ದಾಗ ಪಾದ ರಿಕಾಬಿನಲ್ಲೇ ಸಿಕ್ಕಿಕೊಂಡರೆ ಅದು ಅವನನ್ನು ಎಳೆದುಕೊಂಡೇ ಓಡುತ್ತದೆ, ಆಗ ಬೂಟು ಎಷ್ಟು ಬೆಚ್ಚಗಿತ್ತೆಂದು ಯಾರೂ ಕೇಳುವುದಿಲ್ಲ. ಆದ್ದರಿಂದ ಸವಾರಿಯ ಬೂಟಿಗೆ ಎದ್ದು ಕಾಣುವ ಹೀಲು ಇರಲೇಬೇಕು, ಸುಮಾರು ಎರಡೂವರೆ ಸೆಂಟಿಮೀಟರ್ ಎತ್ತರದ್ದು. ಪಾದ ರಿಕಾಬಿನೊಳಗೆ ಪೂರಾ ನುಗ್ಗಿಹೋಗದಂತೆ ತಡೆಯುವುದು ಅದೇ. ಅಟ್ಟೆಯ ಮೇಲಿನ ಗೀರುಗಳು ಆಳವಾಗಿರಬಾರದು. ಚಾರಣದ ಬೂಟಿನ ಅಟ್ಟೆ ಬಂಡೆಯನ್ನು ಕಚ್ಚಿ ಹಿಡಿಯಲೆಂದೇ ಮಾಡಿದ್ದು, ಅದು ರಿಕಾಬಿನ ಅಡ್ಡಪಟ್ಟಿಯನ್ನೂ ಹಾಗೆಯೇ ಕಚ್ಚುತ್ತದೆ. ಮೂಗೂ ಅಗಲವಾಗಿರುವುದರಿಂದ ಒಳಗೆ ಹೋದದ್ದು ಸುಲಭವಾಗಿ ಹೊರಗೆ ಬಾರದು. ಅದನ್ನು ನಡೆಯಲು ಇಟ್ಟುಕೊಳ್ಳಿ, ಕುದುರೆಯ ಮೇಲೆ ಬೇಡ.

ಚಳಿಗಾಲದ ಬೂಟೆಂದರೆ ಬೇಸಿಗೆಯದಕ್ಕಿಂತ ದಪ್ಪವಾಗಿಯೇ ಇರುತ್ತದೆ. ಬೂಟಿನ ಅತಿ ಅಗಲವಾದ ಭಾಗಕ್ಕಿಂತ ರಿಕಾಬಿನ ಒಳ ಅಗಲ ಸುಮಾರು ಎರಡೂವರೆ ಸೆಂಟಿಮೀಟರ್ ಹೆಚ್ಚಿರಬೇಕು ಎಂಬುದು ಸವಾರರ ಲೆಕ್ಕ. ಅದಕ್ಕಿಂತ ಬಿಗಿಯಾದರೆ ಪಾದ ಸಿಲುಕುತ್ತದೆ, ತೀರಾ ಸಡಿಲವಾದರೆ ಪಾದವೇ ಆಚೆಗೆ ತೂರಿಹೋಗುತ್ತದೆ. ಹೀಗಾಗಿ ಬೂಟು ಕೊಳ್ಳುವ ಮೊದಲು ಫಾರ್ಮಿನವರು ಬಳಸುವುದು ಇಂಗ್ಲಿಷ್ ಜೀನೋ ವೆಸ್ಟರ್ನ್ ಜೀನೋ ಎಂದು ಪತ್ರ ಬರೆದು ಕೇಳಿಕೊಳ್ಳಿ. ಇಂಗ್ಲಿಷ್ ಜೀನಿನ ರಿಕಾಬು ಸಾಮಾನ್ಯವಾಗಿ ಕಿರಿದಾದ ಉಕ್ಕಿನದು, ಬೂಟಿನ ಅಟ್ಟೆಯ ಮೂಲಕ ಪಾದದ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ವೆಸ್ಟರ್ನ್ ಜೀನಿನದು ಅಗಲವಾಗಿರುತ್ತದೆ, ಹೆಚ್ಚಾಗಿ ಮರದ್ದಾಗಿದ್ದು ಚರ್ಮ ಸುತ್ತಿರುತ್ತದೆ. ಕೆಲವರು ಅದರ ಮುಂಭಾಗಕ್ಕೆ ಟಪಡೆರೊ ಎಂಬ ಚರ್ಮದ ಮುಸುಕು ಕಟ್ಟಿಸಿರುತ್ತಾರೆ, ಅದು ಗಾಳಿಯನ್ನೂ ತಡೆಯುತ್ತದೆ, ಪಾದ ಮುಂದಕ್ಕೆ ಜಾರುವುದನ್ನೂ ತಡೆಯುತ್ತದೆ.

ಇನ್ನು ಚಳಿಯ ಮಾತು. ಸವಾರಿಯಲ್ಲಿ ದುಡಿಯುವುದು ಕುದುರೆ, ಸವಾರನ ಪಾದವಲ್ಲ. ಕುದುರೆಯ ಮೈಬಿಸಿ 38 ಡಿಗ್ರಿಯ ಆಸುಪಾಸಿನಲ್ಲಿರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆ ಬಿಸಿ ಸವಾರನ ತೊಡೆಗೂ ಮೀನಖಂಡಕ್ಕೂ ತಾಗುತ್ತದೆಯೇ ಹೊರತು ಗಾಳಿಯಲ್ಲಿ ತೂಗುವ ಬೆರಳುಗಳಿಗಲ್ಲ. ನಡೆಯುವವರಿಗೆ ಸಾಕಾಗುವ ಬೂಟು ಸವಾರರಿಗೆ ಸಾಕಾಗದಿರುವುದು ಇದರಿಂದಲೇ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ‘ಮೈನಸ್ 40’ ಮುಂತಾದ ಅಂಕಿಗಳನ್ನು ಎಲ್ಲ ತಯಾರಕರೂ ಒಂದೇ ಮಾನದಿಂದ ಅಳೆದಿರುವುದಿಲ್ಲವಾದ್ದರಿಂದ ಒಂದು ಕಂಪನಿಯ ಅಂಕಿಯನ್ನು ಇನ್ನೊಂದರದ್ದಕ್ಕೆ ಹೋಲಿಸಿ ಪ್ರಯೋಜನವಿಲ್ಲ.

ಈ ಊರಿಗೆ ಇನ್ನೊಂದು ಗುಣವಿದೆ. ವಾರಗಟ್ಟಲೆ ಒಣ ಚಳಿ ಕೊರೆಯುತ್ತಿರುವಾಗಲೇ ರಾಕಿ ಪರ್ವತಗಳನ್ನು ಇಳಿದು ಚಿನೂಕ್ ಎಂಬ ಬಿಸಿಗಾಳಿ ಬೀಸಿ, ಕೆಲವೇ ತಾಸುಗಳಲ್ಲಿ ಉಷ್ಣಾಂಶ ಹದಿನೈದಿಪ್ಪತ್ತು ಡಿಗ್ರಿ ಮೇಲೇರಿ, ಹಿಮವೆಲ್ಲ ಕರಗಿ ಅಂಗಳ ಜೂನ್ ತಿಂಗಳ ಗದ್ದೆಯಾಗಿಬಿಡುತ್ತದೆ. ಮರುದಿನ ಅದೇ ಕೆಸರು ಮತ್ತೆ ಕಲ್ಲಾಗಿರುತ್ತದೆ. ಗೋರ್‌ಟೆಕ್ಸ್‌ನಂಥ ಪೊರೆಯಿರುವ ಬೂಟು ಸೊನ್ನೆಯ ಆಸುಪಾಸಿನ ಕೆಸರಿನಲ್ಲಿ ಬಹಳ ಒಳ್ಳೆಯದು: ಹೊರಗಿನ ನೀರು ಒಳಗೆ ಬಾರದು, ಒಳಗಿನ ಬೆವರಿನ ಆವಿ ಹೊರಗೆ ಹೋಗುತ್ತದೆ. ಆದರೆ ಚಳಿ ಬಹಳ ಇಳಿದಾಗ ಆ ಆವಿ ಹೊರದಾರಿ ಕಾಣುವ ಮೊದಲೇ ಬೂಟಿನ ಪದರಗಳಲ್ಲಿ ತಣಿದು ನೀರಾಗಿ ನಿಲ್ಲುತ್ತದೆ. ಅಂಥ ದಿನಗಳಿಗೆ ಇಲ್ಲಿಯ ಹಳಬರು ನೆಚ್ಚಿಕೊಂಡಿರುವುದು ಪ್ಯಾಕ್ ಬೂಟನ್ನು: ಕೆಳಗೆ ರಬ್ಬರು, ಮೇಲೆ ಚರ್ಮ, ಒಳಗೆ ಹೊರತೆಗೆಯಬಹುದಾದ ಉಣ್ಣೆ ಫೆಲ್ಟಿನ ಚೀಲ. ರಾತ್ರಿ ಚೀಲವನ್ನು ಹೊರಗೆಳೆದು ತೂಗುಹಾಕಿದರೆ ಬೆಳಿಗ್ಗೆ ಒಣಗಿರುತ್ತದೆ. ಸವಾರಿಗೆಂದೇ ಹೀಲು ಇಟ್ಟು, ಮೂಗು ಕಿರಿದು ಮಾಡಿದ ಮಾದರಿಗಳು ಸಿಗುತ್ತವೆ, ಅವನ್ನೇ ನೋಡಿ. ಮಂಜಿನಲ್ಲಿ ಮೀನು ಹಿಡಿಯುವವರ ದೊಡ್ಡ ಮೂಗಿನ ಬೂಟನ್ನು ಅಂಗಡಿಯವನು ತೋರಿಸಿದರೆ ನಕ್ಕು ಬಂದುಬಿಡಿ.

ನಿವೃತ್ತ ಹವಾಲ್ದಾರ, ಅಂಕೋಲಾ

ತಂಗೀ, ನಾನು ಕುದುರೆ ಸವಾರನಲ್ಲ. ಸೇನೆಯಲ್ಲಿದ್ದಾಗ ಲಡಾಖಿನಲ್ಲಿ ಹೇಸರಗತ್ತೆಗಳ ಜೊತೆ ನಡೆದವನು, ಆದ್ದರಿಂದ ಕಾಲುಚೀಲದ ವಿಷಯವನ್ನಷ್ಟೇ ಹೇಳುತ್ತೇನೆ. ಎರಡು ಜೊತೆ ದಪ್ಪ ಕಾಲುಚೀಲ ತುರುಕಿದ ಬೂಟು ಒಂದು ಜೊತೆಯ ಬೂಟಿಗಿಂತ ತಣ್ಣಗಿರುತ್ತದೆ. ಬಿಗಿಯಾದಲ್ಲಿ ರಕ್ತ ಬೆರಳ ತುದಿಯವರೆಗೆ ಇಳಿಯುವುದಿಲ್ಲ, ಬಿಸಿಯನ್ನು ಹಿಡಿದಿಡಬೇಕಾದ ಗಾಳಿಗೂ ಎಡೆ ಉಳಿಯುವುದಿಲ್ಲ. ಬೂಟು ಹಾಕಿ ಲೇಸು ಕಟ್ಟಿದ ಮೇಲೂ ಬೆರಳುಗಳನ್ನು ಆಡಿಸಲು ಬರಬೇಕು. ಹತ್ತಿಯ ಕಾಲುಚೀಲವನ್ನು ಪೆಟ್ಟಿಗೆಗೇ ಹಾಕಬೇಡಿ. ಅದು ಬೆವರನ್ನು ಹೀರಿಕೊಂಡು ಒದ್ದೆಯಾಗಿಯೇ ಕೂರುತ್ತದೆ. ಉಣ್ಣೆ ಒದ್ದೆಯಾದರೂ ಸ್ವಲ್ಪ ಮಟ್ಟಿಗೆ ಬಿಸಿ ಉಳಿಸಿಕೊಳ್ಳುತ್ತದೆ. ತೆಳುವಾದದ್ದೊಂದು, ಅದರ ಮೇಲೆ ಮೆರಿನೋ ಉಣ್ಣೆಯದೊಂದು ಸಾಕು. ಒಣಗಿದ ಇನ್ನೊಂದು ಜೊತೆಯನ್ನು ಅಂಗಿಯ ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟುಕೊಂಡು, ಲಾಯದ ಕೆಲಸ ಮುಗಿದು ಜೀನು ಹತ್ತುವ ಮೊದಲು ಬದಲಾಯಿಸಿ. ಇದೊಂದನ್ನು ಮಾಡಿದರೆ ಬೂಟಿನ ಅರ್ಧ ಕೊರತೆ ತುಂಬುತ್ತದೆ.

ಗಂಬೂಟಿನ ಗುಣ ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕೇ? ಜುಲೈ ತಿಂಗಳಲ್ಲಿ ಅದನ್ನು ಹಾಕಿಕೊಂಡು ಮಧ್ಯಾಹ್ನದವರೆಗೆ ತೋಟದಲ್ಲಿದ್ದು ಬಂದು ಕಳಚಿದರೆ, ಹೊರಗಿನಿಂದ ಒಂದು ಹನಿ ನೀರು ಬಾರದಿದ್ದರೂ ಕಾಲುಚೀಲ ಹಿಂಡುವಂತಾಗಿರುತ್ತದೆ. ಇಲ್ಲಿ ಅದರಿಂದ ಬೆರಳ ಸಂದು ಕೆಡುತ್ತದೆ ಅಷ್ಟೇ, ಅಲ್ಲಿ ಆ ಒದ್ದೆಯೇ ಹೆಪ್ಪುಗಟ್ಟುತ್ತದೆ. ಕಾಲುಚೀಲದ ಮೇಲೆ ಪ್ಲಾಸ್ಟಿಕ್ ಕೊಟ್ಟೆ ಸುತ್ತಿಕೊಳ್ಳುವವರ ಪಾಡೂ ಇದೇ.

ಬೆರಳು ಜೋಮು ಹಿಡಿದು ಬಿಳಿಚಿಕೊಂಡರೆ ಉಜ್ಜಬೇಡಿ, ಒಲೆಯ ಹತ್ತಿರ ಹಿಡಿಯಬೇಡಿ; ಸ್ಪರ್ಶ ತಿಳಿಯದ ಕಾಲು ಸುಟ್ಟರೂ ಗೊತ್ತಾಗುವುದಿಲ್ಲ. ಒಳಗೆ ಹೋಗಿ 37ರಿಂದ 39 ಡಿಗ್ರಿಯ ಬೆಚ್ಚಗಿನ ನೀರಿನಲ್ಲಿ ಅದ್ದಿ, ವೈದ್ಯರಿಗೆ ತೋರಿಸಿ. ಮತ್ತೆ ಕೂಡಲೇ ಚಳಿಗೆ ಒಡ್ಡುವ ಹಾಗಿದ್ದರೆ ಬಿಸಿ ಮಾಡದಿರುವುದೇ ಲೇಸು.

ಭಟ್ಕಳದ ಸವಾರ

ವಿಜಯನಗರದ ಅರಸರಿಗೆ ಅರಬ್ಬೀ ಕುದುರೆಗಳು ಬಂದಿಳಿಯುತ್ತಿದ್ದ ಬಂದರಿನವನು ಸುಮ್ಮನಿರಬಾರದಲ್ಲ! ಮೊಣಕಾಲುದ್ದದ ಬೂಟೇ ಬೇಕೆಂದಿಲ್ಲ. ಹರಡನ್ನು ಮುಚ್ಚುವ ಗಿಡ್ಡ ಬೂಟು ಹಾಕಿ, ಮೀನಖಂಡಕ್ಕೆ ಹಾಫ್ ಚಾಪ್ಸ್ ಎಂಬ, ಹರಡಿನಿಂದ ಮೊಣಕಾಲಿನವರೆಗಿನ ಹೊದಿಕೆ ಕಟ್ಟಿಕೊಂಡರೆ ಉದ್ದ ಬೂಟಿನ ಕೆಲಸವೇ ಆಗುತ್ತದೆ, ಒದ್ದೆಯಾದದ್ದನ್ನಷ್ಟೇ ಕಳಚಿ ಒಣಗಿಸಲೂ ಬರುತ್ತದೆ. ಉದ್ದ ಬೂಟೇ ಆಗಬೇಕೆಂದರೆ ಜಿಪ್ಪಿನ ಹಿಂದೆ ನೀರು ತಡೆಯುವ ನಾಲಿಗೆ ಹೊಲಿದಿದೆಯೇ ನೋಡಿ. ಚರ್ಮ ಎಷ್ಟೇ ಗಟ್ಟಿಯಾಗಿದ್ದರೂ ನೀರು ಮೊದಲು ನುಗ್ಗುವುದು ಜಿಪ್ಪಿನಲ್ಲಿ, ಕೆಸರು ಹೆಪ್ಪುಗಟ್ಟಿ ಮೊದಲು ಸಿಕ್ಕಿಕೊಳ್ಳುವುದೂ ಅದೇ.

ತೋಟದಮನೆ, ಶಿರಸಿ

ಎಲ್ಲರಿಗೂ ಕೃತಜ್ಞತೆಗಳು. ಫಾರ್ಮಿನವರು ಉತ್ತರ ಬರೆದಿದ್ದಾರೆ: ಅವರದು ವೆಸ್ಟರ್ನ್ ಜೀನು, ಟಪಡೆರೊ ಇಲ್ಲ. ಇನ್ನೆರಡು ಸಂಶಯಗಳು ಉಳಿದಿವೆ. ಥಿನ್ಸುಲೇಟ್ ಎಂಬ ಬೆಚ್ಚನೆಯ ಒಳಪದರ 200 ಗ್ರಾಂ, 400 ಗ್ರಾಂ, 800 ಗ್ರಾಂ ಎಂದು ಬೂಟುಗಳ ವಿವರಣೆಯಲ್ಲಿ ಬರೆದಿರುವುದು ಬೂಟಿನ ತೂಕವೇ? ಮತ್ತು ಲಾಯದಲ್ಲಿ ಕುದುರೆ ಕಾಲು ತುಳಿಯುವ ಭಯವಿರುವುದರಿಂದ ಮೂಗಿಗೆ ಉಕ್ಕಿನ ಕವಚವಿರುವ ಬೂಟು ಕೊಂಡರೆ ಎರಡಕ್ಕೂ ಆದೀತೇ? ಅಣ್ಣ, ತಾವು ಹೇಳಿದ ಪ್ಯಾಕ್ ಬೂಟಿನ ಫೆಲ್ಟ್ ಚೀಲವನ್ನು ತೊಳೆಯಬಹುದೇ ಎಂಬುದನ್ನೂ ತಿಳಿಸಿ.

ಚರ್ಮದ ಕೆಲಸ, ಶಿರಸಿ

ಕೊಳ್ಳುವುದು ಇಲ್ಲಿಯೋ ಅಲ್ಲಿಯೋ ಎಂಬುದಕ್ಕೆ ಯಾರೂ ಉತ್ತರಿಸಿಲ್ಲ. ಕಾನ್ಪುರದಲ್ಲಿ ಸವಾರಿಯ ಬೂಟು, ಜೀನು, ಲಗಾಮುಗಳು ಹೇರಳವಾಗಿ ತಯಾರಾಗಿ ಹೊರದೇಶಗಳಿಗೂ ಹೋಗುತ್ತವೆ. ಆದರೆ ಇಲ್ಲಿಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಒಳಗೆ ಬೆಚ್ಚನೆಯ ಪದರವಿಲ್ಲದ, ನಮ್ಮ ಹವೆಗೆ ಹೊಂದುವ ಬೂಟು. ಅದನ್ನು ದೊಡ್ಡ ಅಳತೆಯಲ್ಲಿ ಕೊಂಡು ಒಳಗೆ ಉಣ್ಣೆ ತುಂಬಿಸುತ್ತೇನೆಂದರೆ ಹಿಮ್ಮಡಿ ಜಾರಾಡಿ ಗುಳ್ಳೆ ಏಳುತ್ತದೆ. ನೀವು ಅಲ್ಲಿಯೇ ಕೊಳ್ಳುವುದು ಸರಿ, ಆದರೆ ಅಳತೆಯನ್ನು ಇಲ್ಲಿಂದಲೇ ಬರೆದುಕೊಂಡು ಹೋಗಿ. ಸಂಜೆಯ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ, ಆಗಲೇ ಅಳೆಯಬೇಕು. ಉಣ್ಣೆಯ ಕಾಲುಚೀಲ ಮತ್ತು ಸವಾರಿಯ ಪ್ಯಾಂಟು ಹಾಕಿಕೊಂಡೇ ಅಳೆಯಬೇಕು. ಎರಡು ಪಾದಗಳೂ ಸಮ ಇರುವುದು ಕಡಿಮೆ, ದೊಡ್ಡದನ್ನೇ ಲೆಕ್ಕಕ್ಕೆ ಹಿಡಿಯಿರಿ. ಉದ್ದ ಬೂಟಾದರೆ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕುಳಿತು, ನೆಲದಿಂದ ಮೊಣಕಾಲಿನ ಹಿಂದಿನ ಮಡಿಕೆಯವರೆಗಿನ ಎತ್ತರವನ್ನೂ ಮೀನಖಂಡದ ಅತಿ ದಪ್ಪ ಜಾಗದ ಸುತ್ತಳತೆಯನ್ನೂ ತೆಗೆದುಕೊಳ್ಳಿ.

ಗಂಬೂಟನ್ನು ಪೂರಾ ತಳ್ಳಿಹಾಕಿದ್ದು ನನಗೆ ಒಪ್ಪಿಗೆಯಿಲ್ಲ. ಲಾಯದ ನೆಲದಲ್ಲಿ ಲದ್ದಿ ಮತ್ತು ಮೂತ್ರದಿಂದ ಹುಟ್ಟುವ ಅಮೋನಿಯ ಚರ್ಮವನ್ನೂ ಹೊಲಿಗೆಯ ದಾರವನ್ನೂ ತಿನ್ನುತ್ತದೆ. ಗುಡಿಸುವ ಹೊತ್ತಿಗೆ ಒಳಗೆ ಉಣ್ಣೆಯ ಪದರವಿರುವ ರಬ್ಬರು ಬೂಟು, ಸವಾರಿಗೆ ಚರ್ಮದ್ದು, ಹೀಗೆ ಬೇರೆ ಬೇರೆ ಇಟ್ಟುಕೊಂಡರೆ ದುಬಾರಿಯದು ಬಹುಕಾಲ ಬಾಳುತ್ತದೆ. ರಸ್ತೆಯ ಮಂಜು ಕರಗಿಸಲು ಹಾಕುವ ಉಪ್ಪು ತಾಗಿದ್ದರೆ ಅದೇ ಸಂಜೆ ಒದ್ದೆ ಬಟ್ಟೆಯಿಂದ ಒರೆಸಿ, ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿ ಒಣಗಿಸಿ. ಹೀಟರಿನ ಮುಂದೆ ಇಟ್ಟ ಚರ್ಮ ಒಮ್ಮೆ ಸೆಟೆದು ಬಿರುಕು ಬಿಟ್ಟರೆ ಯಾವ ಎಣ್ಣೆಗೂ ಮಣಿಯುವುದಿಲ್ಲ. ನಮ್ಮೂರಲ್ಲಿ ಸುಲಭವಾಗಿ ಸಿಗುವ ಜೇನುಮೇಣದ ಒಂದು ಉಂಡೆ ಒಯ್ಯಿರಿ. ಹೊಲಿಗೆಯ ಸಾಲುಗಳ ಮೇಲೆ ತಿಕ್ಕಿ ಬೆರಳ ಬಿಸಿಯಿಂದಲೇ ಒಳಗಿಳಿಸಿದರೆ ನೀರು ನಿಲ್ಲುತ್ತದೆ. ಪೊರೆಯಿರುವ ಬೂಟಿಗೆ ಮಾತ್ರ ಅದನ್ನು ಮೈತುಂಬ ಬಳಿಯಬೇಡಿ. ಚರ್ಮದ ರಂಧ್ರಗಳು ಮುಚ್ಚಿದ ಮೇಲೆ ಪೊರೆ ಇದ್ದೂ ಇಲ್ಲದಂತೆ.

ಕೋಡಿಬಾಗದವ, ಕಾರವಾರ (ಸದ್ಯ ಕ್ಯಾಲ್ಗರಿ)

ಶಿರಸಿಯವರ ಮಾತು ನಿಜ, ಲಾಯಕ್ಕೆ ಬೇರೆ ಬೂಟು ಇರಲಿ. ಉಕ್ಕಿನ ಮೂಗು ಬೇಕಾದರೆ ಅದಕ್ಕೇ ಇರಲಿ. ಸವಾರಿಯ ಬೂಟಿಗೆ ಅದು ಬೇಡ: ಉಕ್ಕು ಬೆರಳ ಮೇಲೆಯೇ ತಣ್ಣಗೆ ಕುಳಿತಿರುತ್ತದೆ, ಮೂಗನ್ನು ಉಬ್ಬಿಸಿ ರಿಕಾಬಿನಲ್ಲಿ ಎಡೆ ಕಡಿಮೆ ಮಾಡುತ್ತದೆ.

ಥಿನ್ಸುಲೇಟಿನ ಗ್ರಾಂ ಎಂದರೆ ಆ ಪದರದ ಒಂದು ಚದರ ಮೀಟರಿನ ತೂಕ, ಬೂಟಿನದಲ್ಲ. 200 ಗ್ರಾಂ ಓಡಾಡುವವರಿಗೆ ಸಾಕು. ಕುದುರೆಯ ಮೇಲೆ ಅಲುಗದೆ ಕೂರುವ ನಿಮಗೆ 400ಕ್ಕಿಂತ ಕಡಿಮೆ ಬೇಡವೆಂದೇ ನನ್ನ ಅಭಿಪ್ರಾಯ. 800ರತ್ತ ಹೋದಂತೆ ಬೂಟು ಉಬ್ಬುವುದರಿಂದ, ಜೀನು ವೆಸ್ಟರ್ನ್ ಆದರೂ ಟೇಪು ಹಿಡಿದು ರಿಕಾಬನ್ನು ಅಳೆಯದೆ ಕೊಳ್ಳಬೇಡಿ. ಫಾರ್ಮಿನವರಿಗೇ ಒಳ ಅಗಲವನ್ನು ಅಳೆದು ಕಳುಹಿಸಲು ಹೇಳಿ, ಆ ಅಂಕಿಯನ್ನು ಅಂಗಡಿಗೆ ಒಯ್ಯಿರಿ.

ಫೆಲ್ಟ್ ಚೀಲವನ್ನು ವಾಷಿಂಗ್ ಮೆಷಿನ್ನಿಗೆ ಹಾಕಬಾರದು. ಬಿಸಿನೀರಿನಲ್ಲಿ ಉಣ್ಣೆ ಕುಗ್ಗಿ ಮತ್ತೆ ಬೂಟಿಗೆ ಕೂರುವುದೇ ಇಲ್ಲ. ತಣ್ಣೀರಿನಲ್ಲಿ ಕೈಯಿಂದ ಅದುಮಿ, ಹಿಂಡದೆ, ಚಪ್ಪಟೆಯಾಗಿ ಹರಡಿ ಒಣಗಿಸಿ. ಪೂರ್ತಿ ಒಣಗಲು ಎರಡು ದಿನ ಹಿಡಿಯುವುದೂ ಉಂಟು, ಆದ್ದರಿಂದ ಬೂಟಿನ ಜೊತೆಯಲ್ಲೇ ಇನ್ನೊಂದು ಜೋಡಿ ಚೀಲ ಕೊಂಡುಬಿಡಿ.