ಮೀನು ಮುಟ್ಟಿದ್ದೂ ಗೊತ್ತಾಗಬೇಕು, ಅದನ್ನು ತಿರುಗಿಸುವ ಬಲವೂ ಬೇಕು: ಎಂಥ ರಾಡ್ ನೋಡಲಿ?

ಮಿಂಚುಳ್ಳಿ

ಎಲ್ಲರಿಗೂ ನಮಸ್ಕಾರ. ಮೀನು ಹಿಡಿಯಲು ಹೊಸ ಸ್ಪಿನ್ನಿಂಗ್ ರಾಡ್ ಹುಡುಕುತ್ತಿದ್ದೇನೆ. ಓದಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ, ಅದಕ್ಕೇ ನೇರವಾಗಿ ಕೇಳುತ್ತಿದ್ದೇನೆ.

ಈಗ ಕೈಯಲ್ಲಿರುವುದು 7 ಅಡಿಯ ಗ್ಲಾಸ್ ಫೈಬರ್ ರಾಡ್. ಮೇಲೆ ಮೀಡಿಯಂ ಅಂತ ಬರೆದಿದೆ. ರೀಲಿನಲ್ಲಿ ನೈಲಾನ್ ದಾರ. ನಾನು ಹೆಚ್ಚಾಗಿ ಹಾಕುವುದು ಮೆತ್ತನೆಯ ಪ್ಲಾಸ್ಟಿಕ್ ಹುಳು ಮತ್ತು ಸಣ್ಣ ಜಿಗ್ (ತಲೆಯಲ್ಲಿ ಭಾರದ ಗುಂಡು ಇರುವ ಕೊಕ್ಕೆ), 7ರಿಂದ 14 ಗ್ರಾಂ ಒಳಗೆ. ದೂರ ಎಸೆದು, ತಳ ಮುಟ್ಟಿಸಿ, ನಿಧಾನವಾಗಿ ಎಳೆದು ತರುತ್ತೇನೆ. ತಳದಲ್ಲಿ ಕಲ್ಲು, ದಡದ ಹತ್ತಿರ ಜೊಂಡು. ಸಿಗುವ ಮೀನು ಒಂದರಿಂದ ಮೂರು ಕೆಜಿ, ಅಪರೂಪಕ್ಕೆ ಅದಕ್ಕಿಂತ ದೊಡ್ಡದು.

ತೊಂದರೆ ಎರಡು. ಕಲ್ಲು ತಾಗಿತೋ ಮೀನು ಕಚ್ಚಿತೋ ಗೊತ್ತೇ ಆಗುವುದಿಲ್ಲ, ಹುಳುವಿನ ಬಾಲ ಹರಿದು ಬಂದ ಮೇಲೆ ಓ ಮೀನು ಬಂದಿತ್ತು ಅಂತ ತಿಳಿಯುತ್ತದೆ. ಇನ್ನು ಮೀನು ಸಿಕ್ಕಿಕೊಂಡಾಗ ರಾಡ್ ಹಿಡಿಯವರೆಗೂ ಬಗ್ಗುತ್ತದೆ, ಅಷ್ಟರಲ್ಲಿ ಮೀನು ಜೊಂಡಿನೊಳಗೆ ಹೋಗಿಬಿಟ್ಟಿರುತ್ತದೆ. ಒಬ್ಬರು 40 ಟನ್ ಕಾರ್ಬನ್, ಎಕ್ಸ್‌ಟ್ರಾ ಫಾಸ್ಟ್ ತಗೊಳ್ಳಿ ಅಂದರು. ಇನ್ನೊಬ್ಬರು ಅದು ಮುರಿಯುತ್ತದೆ, ಗ್ಲಾಸನ್ನೇ ಹೆವಿ ಪವರ್‌ನಲ್ಲಿ ನೋಡಿ ಅಂದರು. ಸೂಕ್ಷ್ಮತೆ ಬೇಕು ಅಂದರೆ ಬಲ ಬಿಡಬೇಕಾ? ಎರಡೂ ಒಂದೇ ರಾಡಿನಲ್ಲಿ ಸಿಗುವುದಿಲ್ವಾ?

ಜೊಂಡಿನಂಚು

ಸಿಗುತ್ತದೆ. ಆದರೆ ಮೊದಲು ಪವರ್ ಮತ್ತು ಆಕ್ಷನ್ ಎರಡನ್ನೂ ಬೇರೆ ಬೇರೆ ಮಾಡಿ ನೋಡಬೇಕು. ನಿಮಗೆ ಸಲಹೆ ಕೊಟ್ಟ ಇಬ್ಬರೂ ಅದನ್ನು ಕಲಸಿಬಿಟ್ಟಿದ್ದಾರೆ.

ಪವರ್ ಅಂದರೆ ರಾಡನ್ನು ಬಗ್ಗಿಸಲು ಎಷ್ಟು ಭಾರ ಬೇಕು ಅನ್ನುವುದು. ಆಕ್ಷನ್ ಅಂದರೆ ಅದು ಎಲ್ಲಿ ಬಗ್ಗುತ್ತದೆ ಅನ್ನುವುದು. ಫಾಸ್ಟ್ ಆಕ್ಷನ್ ಇದ್ದರೆ ತುದಿಯ ಕಡೆ ಬಗ್ಗಿ ಕೆಳಗಿನ ಭಾಗ ನೆಟ್ಟಗಿರುತ್ತದೆ. ಮಾಡರೇಟ್ ಆದರೆ ನಡುವಿನವರೆಗೆ, ಸ್ಲೋ ಆದರೆ ಹಿಡಿಯ ಹತ್ತಿರದವರೆಗೆ. ಲೈಟ್ ಪವರ್ ಫಾಸ್ಟ್ ರಾಡ್ ಇರುತ್ತದೆ, ಹೆವಿ ಪವರ್ ಸ್ಲೋ ರಾಡ್ ಕೂಡ ಇರುತ್ತದೆ.

ಮನೆಯಲ್ಲೇ ಅಳೆಯಬಹುದು. ಹಿಡಿಯನ್ನು ಅಡ್ಡಡ್ಡ ಗಟ್ಟಿಯಾಗಿ ಕಟ್ಟಿ, ತುದಿಗೆ ಒಂದು ಚೀಲ ನೇತುಹಾಕಿ, ರಾಡಿನ ಉದ್ದದ ಮೂರನೇ ಒಂದು ಭಾಗದಷ್ಟು ತುದಿ ಕೆಳಗೆ ಇಳಿಯುವವರೆಗೆ ಭಾರ ಹಾಕುತ್ತಾ ಹೋಗಿ. ಆ ಭಾರವೇ ಪವರ್. ಆಗ ತುದಿ ಎಷ್ಟು ಕಡಿದಾಗಿ ಕೆಳಗೆ ತಿರುಗಿದೆ ಅನ್ನುವುದು ಆಕ್ಷನ್. ಅಮೆರಿಕದಲ್ಲಿ ರಾಡ್ ಕಟ್ಟುವವರು ಇದನ್ನು ಒಂದು ಸೆಂಟ್ ನಾಣ್ಯಗಳಿಂದ ಮಾಡುತ್ತಾರೆ, ಕಾಮನ್ ಸೆಂಟ್ಸ್ ಪದ್ಧತಿ ಅನ್ನುತ್ತಾರೆ. ಇದನ್ನು ಯಾಕೆ ಹೇಳಿದೆ ಅಂದರೆ ಮೀಡಿಯಂ, ಹೆವಿ ಅನ್ನುವುದಕ್ಕೆ ಎಲ್ಲ ಕಂಪನಿಗಳೂ ಒಪ್ಪಿಕೊಂಡ ಅಳತೆ ಯಾವುದೂ ಇಲ್ಲ. ಒಬ್ಬರ ಮೀಡಿಯಂ ಇನ್ನೊಬ್ಬರ ಮೀಡಿಯಂ ಹೆವಿ. ಹಾಗಾಗಿ ಆ ಪದಕ್ಕಿಂತ ಕೆಳಗೆ ಗ್ರಾಂ ಲೆಕ್ಕದಲ್ಲಿ ಬರೆದಿರುವ ಲೂರ್ (ಎಸೆಯುವ ನಕಲಿ ಎರೆ) ತೂಕವನ್ನು ನಂಬಿ. ನೀವು 7ರಿಂದ 14 ಗ್ರಾಂ ಎಸೆಯುವವರು, ನಿಮಗೆ 5ರಿಂದ 21 ಗ್ರಾಂ ಅಂತ ಬರೆದಿರುವುದು ಹೊಂದುತ್ತದೆ. ನಿಮ್ಮ ಲೂರ್ ಆ ಅಂಕಿಗಳ ನಡುವಿಗೆ ಬರಬೇಕು, ಅಂಚಿಗೆ ಬರಬಾರದು.

ಇನ್ನೊಂದು ಮುಖ್ಯ ಮಾತು. ಪವರ್ ಆರಿಸುವಾಗ ಎಲ್ಲರೂ ಮೀನಿನ ತೂಕ ನೋಡುತ್ತಾರೆ. ನಾನು ಮೊದಲು ನೋಡುವುದು ಕೊಕ್ಕೆ. ತೆಳುವಾದ ತಂತಿಯ ಜಿಗ್ ಕೊಕ್ಕೆ ಸುಮ್ನೆ ಮಣಿಕಟ್ಟು ತಿರುಗಿಸಿದರೂ ನಾಟುತ್ತದೆ. ಆದರೆ ಜೊಂಡಿಗೆ ಸಿಗದಿರಲಿ ಅಂತ ಕೊಕ್ಕೆಯ ಮೊನೆಯನ್ನು ಹುಳುವಿನೊಳಗೆ ಮುಚ್ಚಿ ಹಾಕುತ್ತೀರಿ ಅಂದುಕೊಳ್ಳಿ. ಆಗ ಮೊನೆ ಮೊದಲು ಪ್ಲಾಸ್ಟಿಕ್ ಸೀಳಬೇಕು, ಆಮೇಲೆ ಮೀನಿನ ಬಾಯಿ, ಅದೂ ದಪ್ಪ ತಂತಿಯ ಕೊಕ್ಕೆ. ಅದಕ್ಕೆ ಮೀಡಿಯಂ ಹೆವಿ ಬೇಕೇ ಬೇಕು, ಮೀನು ಬರೀ ಒಂದು ಕೆಜಿ ಇದ್ದರೂ.

ನಿಮ್ಮ ಎರಡನೇ ತೊಂದರೆಗೆ ಬರೋಣ. ಹಿಡಿಯವರೆಗೆ ಬಗ್ಗುವ ರಾಡಿಗೆ ಬಲ ಇಲ್ಲ ಅನ್ನುವುದು ತಪ್ಪು. ಪೂರ್ತಿ ಬಗ್ಗಿದಾಗ ಸನ್ನೆಕೋಲು ಗಿಡ್ಡವಾಗುತ್ತದೆ, ಹಾಗಾಗಿ ಕೈಗೆ ಕಡಿಮೆ ಶ್ರಮದಲ್ಲಿ ದಾರದ ಮೇಲೆ ಚೆನ್ನಾಗಿಯೇ ಎಳೆತ ಬೀಳುತ್ತದೆ. ದೊಡ್ಡ ಗೆಂಡೆ ಮೀನನ್ನು ಮೆತ್ತಗಿನ ರಾಡಿನಲ್ಲಿ ಸುಸ್ತು ಮಾಡುವವರು ಇದನ್ನೇ ನಂಬಿಕೊಂಡಿರುತ್ತಾರೆ. ಅದರ ಕೊರತೆ ಸಮಯದ್ದು. ಎಳೆತ ಏರುವ ಮುಂಚೆ ತುದಿ ತುಂಬಾ ದೂರ ಸರಿಯಬೇಕು, ಆ ಒಂದೆರಡು ಸೆಕೆಂಡಿನಲ್ಲಿ ಮೀನು ಜೊಂಡು ಸೇರುತ್ತದೆ. ನಿಮಗೆ ಬೇಕಿರುವುದು ಬೇಗ ಬಲ ಏರುವ ರಾಡ್, ಅಂದರೆ ಅದೇ ಮೀಡಿಯಂ ಅಥವಾ ಒಂದು ಹಂತ ಮೇಲೆ, ಆದರೆ ಫಾಸ್ಟ್ ಆಕ್ಷನ್. ಎಕ್ಸ್‌ಟ್ರಾ ಫಾಸ್ಟ್ ಬೇಡ, ಯಾಕೆ ಅಂತ ಬೇಕಿದ್ದರೆ ಆಮೇಲೆ ಹೇಳುತ್ತೇನೆ.

ನೀರುಕಾಗೆ

ಮೇಲಿನವರು ಬಲದ ಬಗ್ಗೆ ಹೇಳಿದ್ದು ಸರಿಯಾಗಿದೆ. ನಾನು ಸೂಕ್ಷ್ಮತೆಯ ಬಗ್ಗೆ ಬರೆಯುತ್ತೇನೆ, ಯಾಕೆಂದರೆ ಈ ಟನ್ ಲೆಕ್ಕದಲ್ಲಿ ಜನ ಸುಮ್ನೆ ದುಡ್ಡು ಕಳೆಯುವುದನ್ನು ನೋಡಿ ಬೇಜಾರಾಗಿದೆ.

ಟನ್ ಅಂದರೆ ಕಾರ್ಬನ್ ನಾರು ಎಷ್ಟು ಬಿಗಿ ಅನ್ನುವುದು, ಒಂದು ಚದರ ಮಿಲಿಮೀಟರಿಗೆ ಇಷ್ಟು ಟನ್ ಅನ್ನುವ ಲೆಕ್ಕ. 24 ಟನ್ ಅಂದರೆ ಸುಮಾರು 235 ಗಿಗಾಪಾಸ್ಕಲ್. ಸಾಮಾನ್ಯ ಗ್ಲಾಸ್ ನಾರು 70ರ ಆಸುಪಾಸು. ಅಂದರೆ ಅತಿ ಸಾಮಾನ್ಯ ಕಾರ್ಬನ್ ಕೂಡ ಗ್ಲಾಸಿಗಿಂತ ಮೂರು ಪಟ್ಟು ಬಿಗಿ, ಜೊತೆಗೆ ತೂಕದಲ್ಲೂ ಹಗುರ. ಹಾಗಾಗಿ ಗ್ಲಾಸಿನಿಂದ 24 ಟನ್‌ಗೆ ಹೋದರೆ ಕೈಗೆ ಸಿಗುವ ವ್ಯತ್ಯಾಸ ದೊಡ್ಡದು. 24ರಿಂದ 30ಕ್ಕೆ ಹೋದರೆ ಸ್ವಲ್ಪ. 30ರಿಂದ 40ಕ್ಕೆ ಹೋದಾಗ ಇನ್ನೂ ಸ್ವಲ್ಪ ಹಗುರವಾಗುತ್ತದೆ ನಿಜ, ಆದರೆ ಗೋಡೆ ತೆಳು ಇರುತ್ತದೆ, ನಾರು ಹಿಗ್ಗುವುದು ಕಡಿಮೆ, ಕಲ್ಲಿಗೆ ಒಮ್ಮೆ ಬಡಿದು ಗೀರಾದರೆ ಅಲ್ಲೇ ಮುಂದೊಂದು ದಿನ ಮುರಿಯುತ್ತದೆ. ಅಂಕಿ ನಾರಿನದ್ದು ಮಾತ್ರ, ಅಂಟಿನದ್ದಲ್ಲ, ಇಡೀ ರಾಡಿನದ್ದೂ ಅಲ್ಲ. ಕೆಲವು ರಾಡ್‌ಗಳಲ್ಲಿ ಆ ನಾರು ಒಂದು ಪದರದಲ್ಲಿ ಅಷ್ಟೇ ಇರುತ್ತದೆ. ಐಎಂ6, ಐಎಂ7 ಅನ್ನುವುದೂ ದರ್ಜೆಯ ಅಳತೆ ಅಲ್ಲ, ಅವು ಹೆಕ್ಸೆಲ್ ಕಂಪನಿಯ ನಾರುಗಳ ಹೆಸರು. ಬೇರೆಯವರು ಅದನ್ನು ಹೇಗೆ ಬೇಕೋ ಹಾಗೆ ಬರೆದುಕೊಳ್ಳುತ್ತಾರೆ.

ಹಾಗಾದರೆ ಏನು ನೋಡಬೇಕು? ತುದಿಯ ತೂಕ. ಇಡೀ ರಾಡ್ ಎಷ್ಟು ಗ್ರಾಂ ಅನ್ನುವುದಕ್ಕಿಂತ ತುದಿ ಎಷ್ಟು ಹಗುರ ಅನ್ನುವುದು ಮುಖ್ಯ. ರಾಡನ್ನು ಆಡಿಸುವಾಗ ಜಡತ್ವ ದೂರದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಹಿಡಿಯಿಂದ 2 ಮೀಟರ್ ಆಚೆ ಇರುವ 1 ಗ್ರಾಂ, ಅರ್ಧ ಮೀಟರ್ ಆಚೆ ಇರುವ 16 ಗ್ರಾಂಗೆ ಸಮ. ಮೀನು ಹುಳುವನ್ನು ಮೆಲ್ಲಗೆ ಬಾಯಿಗೆ ಎಳೆದುಕೊಂಡಾಗ ಅಷ್ಟು ಸಣ್ಣ ಬಲ ಈ ತುದಿಯನ್ನು ಅಲ್ಲಾಡಿಸಬೇಕು ಅಲ್ವಾ? ಅದಕ್ಕೇ ತುದಿಯ ಕಡೆಯ ಮೂರ್ನಾಲ್ಕು ಗೈಡ್‌ಗಳು (ದಾರ ಹಾದುಹೋಗುವ ಬಳೆಗಳು) ಚಿಕ್ಕದಾಗಿ, ಹಗುರವಾಗಿ, ಅವನ್ನು ಕಟ್ಟಿದ ನೂಲಿನ ಮೇಲೆ ಹಾಕುವ ಅಂಟು ತೆಳುವಾಗಿ ಇರಬೇಕು. ದೊಡ್ಡ ಉಕ್ಕಿನ ಗೈಡ್‌ಗಳನ್ನು ಸಾಲಾಗಿ ಕಟ್ಟಿದ 40 ಟನ್ ರಾಡಿಗಿಂತ ಒಳ್ಳೆಯ ಗೈಡ್ ಇರುವ 24 ಟನ್ ರಾಡ್ ಚೆನ್ನಾಗಿ ಸುದ್ದಿ ಕೊಡುತ್ತದೆ. ರೀಲ್ ಭಾರ ಮಾಡಿ ಬ್ಯಾಲೆನ್ಸ್ ಸರಿಮಾಡಿದರೆ ಕೈ ನೋಯುವುದು ಕಡಿಮೆಯಾಗಬಹುದು, ತುದಿ ಮಾತ್ರ ಹಗುರ ಆಗುವುದಿಲ್ಲ.

ಅಂಗಡಿಯಲ್ಲಿ ನೋಡುವಾಗ ನಿಮ್ಮ ರೀಲ್ ಹಾಕಿ ಹಿಡಿದುಕೊಳ್ಳಿ. ರೀಲಿನ ಕಾಲನ್ನು ಬೆರಳುಗಳ ನಡುವೆ ಇಟ್ಟು, ತೋರುಬೆರಳು ಬ್ಲಾಂಕ್, ಅಂದರೆ ರಾಡಿನ ಬರೀ ಕೋಲನ್ನು ಮುಟ್ಟುತ್ತದೆಯೇ ನೋಡಿ. ಹಿಡಿಯ ಹತ್ತಿರ ಬ್ಲಾಂಕ್ ತೆರೆದಿರುವ ರೀಲ್ ಸೀಟ್ ಇದ್ದರೆ ಒಳ್ಳೆಯದು. ಆಮೇಲೆ ಕಣ್ಣು ಮುಚ್ಚಿಕೊಂಡು ಜೊತೆಯವರಿಗೆ ತುದಿಯ ಗೈಡನ್ನು ಉಗುರಿನಿಂದ ಮೆಲ್ಲಗೆ ಕೆರೆಯಲು ಹೇಳಿ. ಎರಡು ಮೂರು ರಾಡ್ ಹೀಗೆ ಹಿಡಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ರಾಡನ್ನು ಗಾಳಿಯಲ್ಲಿ ಬೀಸಿ ನೋಡುವುದರಿಂದ ಅಷ್ಟು ತಿಳಿಯುವುದಿಲ್ಲ.

ತಿಳಿನೀರು

ಇಬ್ಬರೂ ಇಷ್ಟು ಬರೆದರು, ದಾರದ ಮಾತೇ ಎತ್ತಲಿಲ್ಲ! ಮಿಂಚುಳ್ಳಿಯವರೇ, ರಾಡ್ ಕೊಳ್ಳುವ ಮುಂಚೆ ಆ ನೈಲಾನ್ ತೆಗೆಯಿರಿ. ನೈಲಾನ್ ತುಂಡಾಗುವ ಮುಂಚೆ ಶೇ 20ರ ಆಸುಪಾಸು ಹಿಗ್ಗುತ್ತದೆ, ನೀರು ಕುಡಿದಾಗ ಇನ್ನೂ ಮೆತ್ತಗಾಗುತ್ತದೆ. 30 ಮೀಟರ್ ಆಚೆ ಮೀನು ಮುಟ್ಟಿದ ಸುದ್ದಿ ರಬ್ಬರ್ ಪಟ್ಟಿಯ ಮೇಲೆ ಬಂದಂತೆ ಬರುತ್ತದೆ, ರಾಡ್ ಯಾವುದಿದ್ದರೂ ಅಷ್ಟೇ. ಬ್ರೇಡ್ (ಎಳೆಗಳನ್ನು ಹೆಣೆದು ಮಾಡಿದ ದಾರ) ಹಿಗ್ಗುವುದು ತೀರಾ ಕಡಿಮೆ. 7ರಿಂದ 9 ಕೆಜಿ ತಡೆಯುವ ತೆಳು ಬ್ರೇಡ್ ಹಾಕಿ, ಮುಂದೆ ಒಂದು ಮೀಟರ್‌ನಷ್ಟು 5 ಕೆಜಿಯ ಫ್ಲೋರೋಕಾರ್ಬನ್ ಲೀಡರ್ (ಲೂರಿನ ಕಡೆಯ ತುಂಡು ದಾರ) ಕಟ್ಟಿ. ಕಲ್ಲಿಗೆ ಉಜ್ಜಿದರೆ ಬ್ರೇಡ್ ಬೇಗ ಹರಿಯುತ್ತದೆ, ಅದಕ್ಕೆ ಲೀಡರ್ ಬೇಕು. ಎರಡನ್ನೂ ಜೋಡಿಸಲು ಡಬಲ್ ಯುನಿ ಗಂಟು ಸಾಕು, ಗೈಡ್ ತುಂಬಾ ಚಿಕ್ಕದಿದ್ದರೆ ಎಫ್‌ಜಿ ಗಂಟು ಕಲಿಯಿರಿ.

ಒಂದು ವಿಷಯ ಗಮನದಲ್ಲಿರಲಿ, ಬ್ರೇಡ್ ನೀರಿಗಿಂತ ಹಗುರ, ತೇಲುತ್ತದೆ. ಗಾಳಿ ಇದ್ದ ದಿನ ನೀರಿನ ಮೇಲೆ ಬಿಲ್ಲಿನ ಹಾಗೆ ಬಾಗಿ ನಿಲ್ಲುತ್ತದೆ, ಆಗ ಏನೂ ಗೊತ್ತಾಗುವುದಿಲ್ಲ. ಎಸೆದ ತಕ್ಷಣ ರಾಡ್ ತುದಿಯನ್ನು ನೀರಿನ ಹತ್ತಿರ ಇಳಿಸಿ ಸಡಿಲ ದಾರ ಸುತ್ತಿಕೊಳ್ಳಿ. ದಾರ ನೀರು ಸೇರುವ ಜಾಗದ ಮೇಲೆ ಕಣ್ಣಿರಲಿ. ಎಷ್ಟೋ ಸಲ ಕೈಗೆ ಬರುವ ಮುಂಚೆ ಅಲ್ಲಿ ದಾರ ಪಕ್ಕಕ್ಕೆ ಸರಿಯುವುದು ಕಾಣುತ್ತದೆ.

ಮಿಂಚುಳ್ಳಿ

ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಮೊದಲು ದಾರ ಬದಲಾಯಿಸುತ್ತೇನೆ. ಜೊಂಡಿನಂಚು ಅವರೇ, ಎಕ್ಸ್‌ಟ್ರಾ ಫಾಸ್ಟ್ ಯಾಕೆ ಬೇಡ ಅಂತ ಹೇಳಿಬಿಡಿ. ಹಿಗ್ಗದ ದಾರ, ಬಿಗಿ ರಾಡ್ ಎರಡೂ ಸೇರಿದರೆ ಮೀನಿನ ಬಾಯಿ ಹರಿಯುವುದಿಲ್ವಾ? ಕಾರ್ಬನ್ ಮುರಿಯುವ ಭಯವೂ ಇನ್ನೂ ಹೋಗಿಲ್ಲ.

ಜೊಂಡಿನಂಚು

ನೀವೇ ಉತ್ತರ ಹೇಳಿಬಿಟ್ಟಿರಿ. ನೈಲಾನ್ ಇದ್ದಾಗ ಮೀನು ತಲೆ ಒದರಿದರೆ ದಾರ ಹಿಗ್ಗಿ ತಡೆದುಕೊಳ್ಳುತ್ತಿತ್ತು. ಬ್ರೇಡ್ ಹಾಕಿದ ಮೇಲೆ ಆ ಕೆಲಸ ರಾಡ್ ಮತ್ತು ಡ್ರ್ಯಾಗ್ (ಮೀನು ಜೋರಾಗಿ ಎಳೆದಾಗ ದಾರ ಬಿಟ್ಟುಕೊಡುವ ರೀಲಿನ ಬ್ರೇಕ್) ಮಾಡಬೇಕು. ಎಕ್ಸ್‌ಟ್ರಾ ಫಾಸ್ಟ್ ರಾಡಿನಲ್ಲಿ ತುದಿಯ ಸ್ವಲ್ಪ ಭಾಗ ಮಾತ್ರ ಬಗ್ಗುತ್ತದೆ, ಅದು ಮುಗಿದರೆ ಉಳಿದದ್ದು ಬಡಿಗೆ. ತೆಳು ಕೊಕ್ಕೆ ಕಿತ್ತು ಬರುತ್ತದೆ. ಮುಂದೆ ಯಾವತ್ತಾದರೂ ಮೂರು ಮುಳ್ಳಿನ ಕೊಕ್ಕೆ ಇರುವ ಕ್ರ್ಯಾಂಕ್‌ಬೇಟ್ (ಮೀನಿನ ಆಕಾರದ ಗಟ್ಟಿ ಲೂರ್) ಹಾಕಬೇಕು ಅನಿಸಿದರೆ ನಿಮ್ಮ ಹಳೆಯ ಗ್ಲಾಸ್ ರಾಡನ್ನೇ ತೆಗೆಯಿರಿ, ಅದಕ್ಕೆ ಅದು ನಿಜಕ್ಕೂ ಒಳ್ಳೆಯದು. ಮೀನು ಲೂರನ್ನು ಪೂರ್ತಿ ಬಾಯಿಗೆ ತೆಗೆದುಕೊಳ್ಳುವಷ್ಟು ಹೊತ್ತು ಕೊಡುತ್ತದೆ, ಆ ಸಣ್ಣ ಮುಳ್ಳುಗಳು ಕಿತ್ತು ಬರುವುದಿಲ್ಲ. ಅದನ್ನು ಮಾರಬೇಡಿ.

ಡ್ರ್ಯಾಗನ್ನು ಕೈ ಅಂದಾಜಿನಲ್ಲಿ ಇಡಬೇಡಿ. ನಿಮ್ಮ ದಾರದಲ್ಲಿ ಬಲ ಕಡಿಮೆ ಇರುವ ತುಣುಕು 5 ಕೆಜಿ ಲೀಡರ್, ಅದರ ಕಾಲು ಭಾಗ ಅಥವಾ ಸ್ವಲ್ಪ ಜಾಸ್ತಿ, ಅಂದರೆ 1.2ರಿಂದ 1.6 ಕೆಜಿ ಸಾಕು. ಲಗೇಜ್ ತೂಗುವ ತಕ್ಕಡಿಗೆ ದಾರ ಕಟ್ಟಿ, ರಾಡ್ ಬಗ್ಗಿಸಿ ಎಳೆದು ನೋಡಿ. ಅದೇ ತಕ್ಕಡಿಯಲ್ಲಿ ದೂರ ನಿಂತು ಮೀನು ಕಚ್ಚಿದಾಗ ಎಳೆಯುವ ಹಾಗೆ ಜೋರಾಗಿ ಎಳೆದೂ ನೋಡಿ, ಇನ್ನೊಬ್ಬರು ಅಂಕಿ ಓದಲಿ. ನೀವು ಅಂದುಕೊಂಡದ್ದಕ್ಕಿಂತ ತುಂಬಾ ಕಡಿಮೆ ಬರುತ್ತದೆ. ಕೊಕ್ಕೆಯ ಮೊನೆ ಚೂಪಾಗಿರುವುದು ಯಾಕೆ ಅಷ್ಟು ಮುಖ್ಯ ಅಂತ ಆಗ ಅರ್ಥವಾಗುತ್ತದೆ.

ನೀರುಕಾಗೆ

ಮುರಿಯುವ ಬಗ್ಗೆ ನಾನು ಹೇಳುತ್ತೇನೆ. ಕಾರ್ಬನ್ ರಾಡ್ ಮೀನಿನ ಎಳೆತಕ್ಕೇ ಮುರಿಯುವುದು ಕಡಿಮೆ. ಮೀನು ಕಾಲ ಹತ್ತಿರ ಬಂದ ಮೇಲೆ ರಾಡನ್ನು ತಲೆಯ ಹಿಂದಕ್ಕೆ ನೆಟ್ಟಗೆ ಎತ್ತುತ್ತಾರೆ ನೋಡಿ, ಆಗ ಮುರಿಯುತ್ತದೆ. ಆ ಕೋನದಲ್ಲಿ ಕೆಳಗಿನ ಗಟ್ಟಿ ಭಾಗ ಕೆಲಸವನ್ನೇ ಮಾಡುವುದಿಲ್ಲ, ಭಾರ ಎಲ್ಲಾ ತೆಳು ತುದಿಗೆ ಬೀಳುತ್ತದೆ. ಹಿಡಿಯನ್ನು 45ರಿಂದ 60 ಡಿಗ್ರಿಯಲ್ಲಿ ಇಟ್ಟುಕೊಳ್ಳಿ, ಮೀನು ಜೊಂಡಿನ ಕಡೆ ಹೊರಟರೆ ರಾಡನ್ನು ಮೇಲಕ್ಕೆ ಎತ್ತುವ ಬದಲು ಎದುರು ಪಕ್ಕಕ್ಕೆ, ಕೆಳಗೆ ಮಲಗಿಸಿ ಎಳೆಯಿರಿ. ತಲೆ ತಿರುಗಿದ ಕಡೆಗೆ ಮೀನು ಬರುತ್ತದೆ. ದಡಕ್ಕೆ ತೆಗೆಯುವಾಗ ಬಲೆ ಬಳಸಿ, ರಾಡಿನಿಂದ ಎತ್ತಬೇಡಿ. ಲೂರ್ ಕಲ್ಲಿಗೆ ಸಿಕ್ಕಿಕೊಂಡರೆ ರಾಡನ್ನು ದಾರದ ನೇರಕ್ಕೆ ಹಿಡಿದು, ದಾರ ಸುತ್ತಿದ ಸ್ಪೂಲ್ ಒತ್ತಿಕೊಂಡು ಹಿಂದೆ ನಡೆಯಿರಿ, ಬ್ರೇಡನ್ನು ಬರಿಗೈಗೆ ಸುತ್ತಿ ಮಾತ್ರ ಎಳೆಯಬೇಡಿ, ಬೆರಳು ಕೊಯ್ಯುತ್ತದೆ.

ಇದೊಂದನ್ನು ದಯವಿಟ್ಟು ಎಲ್ಲರೂ ಓದಿ. ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತದೆ. ಕರೆಂಟ್ ತಂತಿ ಹಾದುಹೋದ ಕಡೆ ರಾಡ್ ಎತ್ತಿಕೊಂಡು ನಡೆಯಬೇಡಿ, ಅಲ್ಲಿ ನಿಂತು ಎಸೆಯಲೂ ಬೇಡಿ. ಗುಡುಗು ಕೇಳಿಸಿದರೆ ಮೀನು ಎಷ್ಟೇ ಕಚ್ಚುತ್ತಿರಲಿ, ರಾಡ್ ಕೆಳಗಿಟ್ಟು ನೀರಿನಿಂದ ದೂರ, ಗಟ್ಟಿ ಕಟ್ಟಡದೊಳಗೋ ಕಾರಿನೊಳಗೋ ಹೋಗಿಬಿಡಿ.

ತಿಳಿನೀರು

ಕಲ್ಲು ಮತ್ತು ಮೀನಿನ ವ್ಯತ್ಯಾಸ ಕೇಳಿದ್ದಿರಿ, ಅದು ಉಳಿದುಹೋಯಿತು. ದಾರ ಬದಲಾದ ಮೇಲೆ ಮೊದಲ ದಿನ ಮೀನಿನ ಯೋಚನೆ ಬಿಟ್ಟು 10 ಗ್ರಾಂ ಜಿಗ್ ಒಂದನ್ನೇ ತಳದಲ್ಲಿ ಎಳೆಯುತ್ತಾ ಇರಿ. ಸಣ್ಣ ಕಲ್ಲಿನ ಮೇಲೆ ಅದು ಟಕಟಕ ಅನ್ನುತ್ತದೆ, ಕೆಸರಿನಲ್ಲಿ ಸದ್ದಿಲ್ಲದೆ ಭಾರವಾಗುತ್ತದೆ, ಜೊಂಡಿನಲ್ಲಿ ಭಾರ ನಿಧಾನಕ್ಕೆ ಏರಿ ರಾಡ್ ಎತ್ತಿದರೆ ಸಡಿಲಾಗುತ್ತದೆ. ಇವು ಮೂರೂ ನೀವು ಎಳೆದಾಗ ಮಾತ್ರ ಬರುತ್ತವೆ. ಹಾಗಾಗಿ ನಡುನಡುವೆ ರೀಲ್ ನಿಲ್ಲಿಸಿ, ದಾರ ಬಿಗಿಯಾಗಿಟ್ಟು ಎರಡು ಮೂರು ಸೆಕೆಂಡ್ ಕಾಯಿರಿ. ನೀವು ಎಳೆಯದೇ ಇರುವಾಗ ಟಕ್ ಅಂದರೆ, ಅಥವಾ ಇದ್ದ ಭಾರ ಇದ್ದಕ್ಕಿದ್ದಂತೆ ಇಲ್ಲವಾದರೆ, ಯೋಚನೆ ಮಾಡುತ್ತಾ ನಿಲ್ಲಬೇಡಿ, ದಾರ ಸುತ್ತಿ ಎಳೆಯಿರಿ.