ಎಜಿಎಸ್ ಕೋಶಗಳ ಮೇಲೆ ಕರ್ಕ್ಯುಮಿನ್: ಐಸಿ50 ಪ್ರತಿ ಸಲ ಬೇರೆ ಬರುತ್ತಿದೆ

ಪ್ರಶ್ನೆ:
ಎಂಎಸ್ಸಿ ಪ್ರಾಜೆಕ್ಟಿಗೆ ಜಠರ ಕ್ಯಾನ್ಸರಿನ ಎಜಿಎಸ್ ಕೋಶಗಳ ಮೇಲೆ ಅರಿಶಿನದ ಕರ್ಕ್ಯುಮಿನ್ ಪರೀಕ್ಷೆ ನಡೀತಿದೆ. ವೆಲ್‌ಗೆ (ಪ್ಲೇಟಿನ ಗುಂಡಿಗೆ) 5,000 ಕೋಶ, 48 ಗಂಟೆ, ಆಮೇಲೆ ಎಂಟಿಟಿ (ಬದುಕಿರುವ ಕೋಶಗಳು ನೇರಳೆಯಾಗಿಸುವ ಬಣ್ಣ). ಐಸಿ50, ಅಂದರೆ ಕೋಶಗಳನ್ನು ಅರ್ಧಕ್ಕಿಳಿಸುವ ಪ್ರಮಾಣ, ಒಮ್ಮೆ 18 ಮೈಕ್ರೋಮೋಲಾರ್, ಇನ್ನೊಮ್ಮೆ 45. 80ರಲ್ಲಿ ಕೋಶಗಳು ಸತ್ತು ತೇಲುತ್ತಿದ್ದರೂ ರೀಡಿಂಗ್ ಮೇಲೇರುತ್ತೆ. ಎಲ್ಲಿ ತಪ್ಪುತ್ತಿದೆ? ಕರ್ಕ್ಯುಮಿನ್ ನೇರ ಹೊಟ್ಟೆಗೇ ಹೋಗುತ್ತಲ್ಲ, ಹಾಗಾಗಿ ಜಠರ ಕ್ಯಾನ್ಸರಿಗೆ ಸೂಕ್ತ ಅಂತ ಬರೆಯಬಹುದಾ?

ಉತ್ತರ 1:
ಮೊದಲು ಕೋಶವಿಲ್ಲದ ವೆಲ್‌ಗಳಲ್ಲಿ ಮೀಡಿಯಂ (ಕೋಶ ಬೆಳೆಸುವ ದ್ರವ), ಕರ್ಕ್ಯುಮಿನ್, ಎಂಟಿಟಿ ಹಾಕಿ ನೋಡಿ. ಫೀನಾಲಿಕ್ ವಸ್ತುಗಳು ಎಂಟಿಟಿಯನ್ನು ತಾವೇ ಅಪಕರ್ಷಿಸಬಲ್ಲವು. ಅಲ್ಲೂ ನೇರಳೆ ಬಂದರೆ ಎಂಟಿಟಿ ಬಿಟ್ಟು ಎಸ್‌ಆರ್‌ಬಿ ಬಣ್ಣದ ಪರೀಕ್ಷೆಗೆ ಬನ್ನಿ, ಅದು ಪ್ರೋಟೀನನ್ನು ಮಾತ್ರ ಅಳೆಯುತ್ತದೆ.

ಇನ್ನು ದ್ರಾವಣ. ಅಣುತೂಕ 368.4, ಆದ್ದರಿಂದ 20 ಮಿಲಿಮೋಲಾರ್ ಸ್ಟಾಕಿಗೆ ಮಿಲಿಲೀಟರ್ ಡಿಎಂಎಸ್‌ಒಗೆ (ಕರ್ಕ್ಯುಮಿನ್ ಕರಗಿಸುವ ದ್ರಾವಕ) 7.4 ಮಿಲಿಗ್ರಾಂ. ಸರಣಿ ದುರ್ಬಲೀಕರಣ ಪೂರ್ತಿ ಡಿಎಂಎಸ್‌ಒದಲ್ಲೇ ಮುಗಿಸಿ, ಆಮೇಲೆ ಪ್ರತಿಯೊಂದನ್ನೂ ಮೀಡಿಯಂನಲ್ಲಿ 250 ಪಟ್ಟು ತೆಳು ಮಾಡಿ. ಆಗ ಗರಿಷ್ಠ ಪ್ರಮಾಣ 80 ಮೈಕ್ರೋಮೋಲಾರ್, ಔಷಧವಿಲ್ಲದ ಕಂಟ್ರೋಲ್ ಸೇರಿ ಎಲ್ಲ ವೆಲ್‌ಗಳಲ್ಲೂ ಡಿಎಂಎಸ್‌ಒ 0.4%. ಮೀಡಿಯಂನಲ್ಲೇ ಸರಣಿ ಮಾಡಿದರೆ ಹರಳು ಕಟ್ಟುತ್ತದೆ, ಪಿಪೆಟ್ಟಿಗೆ ಎಷ್ಟು ಬಂತೋ ಅಷ್ಟೇ ಡೋಸ್. 10 ಪಟ್ಟಿನ ಲೆನ್ಸಿನಲ್ಲಿ ಹಳದಿ ಸೂಜಿಗಳು ಕಂಡರೆ ಆ ವೆಲ್‌ನ ಲೆಕ್ಕ ಬಿಡಿ.

ಮೀಡಿಯಂಗೆ ಸೇರಿಸುವ ಸೀರಮ್ಮಿನ (ಪ್ರಾಣಿರಕ್ತದ ದ್ರವಾಂಶ) ಪ್ರಮಾಣವನ್ನೂ ಬದಲಾಯಿಸಬೇಡಿ. ಸೀರಮ್ ಇಲ್ಲದ ಪಿಎಚ್ 7.2ರ ಬಫರಿನಲ್ಲಿ 37 ಡಿಗ್ರಿಗೆ ಕರ್ಕ್ಯುಮಿನ್ ಅರ್ಧ ಗಂಟೆಯಲ್ಲೇ ಸುಮಾರು 90% ಒಡೆದುಹೋಗುತ್ತದೆ. 10% ಸೀರಮ್ ಇದ್ದರೆ ಅರ್ಧದಷ್ಟು ಒಡೆಯಲು ಸುಮಾರು 8 ಗಂಟೆ ಬೇಕು. ನಿಮ್ಮ ಎರಡು ಅಂಕಿಗಳ ಅಂತರಕ್ಕೆ ಇದೊಂದೇ ಸಾಕು.

ಉತ್ತರ 2:
ಹೊಟ್ಟೆಗೇ ಹೋಗುವುದರಿಂದ ಸೂಕ್ತ ಎಂಬ ಆ ವಾಕ್ಯ ದಯವಿಟ್ಟು ಬೇಡ. ದಿನಕ್ಕೆ 8 ಗ್ರಾಂ ನುಂಗಿದರೂ ರಕ್ತದಲ್ಲಿ ಸಿಕ್ಕಿದ್ದು 2 ಮೈಕ್ರೋಮೋಲಾರ್ ಆಸುಪಾಸು. ಹೊಟ್ಟೆಯೊಳಗೆ ಹೆಚ್ಚಿದ್ದೀತು, ಆದರೆ ಗೆಡ್ಡೆ ಲೋಳೆಪೊರೆ ದಾಟಿ ಸ್ನಾಯುಪದರದವರೆಗೂ ಇಳಿದಿರಬಹುದು. ಸಸ್ಯಮೂಲದಿಂದ ಬಂದು ಜಠರ ಕ್ಯಾನ್ಸರಿನಲ್ಲಿ ನಿಜಕ್ಕೂ ಬಳಕೆಯಲ್ಲಿರುವವು ಬೇರೆ ಇವೆ: ಯೂ ಮರದ ಎಲೆಯ ಅಣುವಿನಿಂದ ತಯಾರಾಗುವ ಡೋಸಿಟ್ಯಾಕ್ಸೆಲ್ (ಫ್ಲಾಟ್ ಎಂಬ ಕೀಮೋ ಕ್ರಮದಲ್ಲಿ ಎರಡು ವಾರಕ್ಕೊಮ್ಮೆ ಚದರ ಮೀಟರಿಗೆ 50 ಮಿಲಿಗ್ರಾಂ), ಮತ್ತು ಕ್ಯಾಂಪ್ಟೊಥೆಸಿನ್‌ನಿಂದ ಬಂದ ಇರಿನೊಟಿಕ್ಯಾನ್. ಕ್ಯಾಂಪ್ಟೊಥೆಸಿನ್ ನಮ್ಮ ಪಶ್ಚಿಮ ಘಟ್ಟದ ನೊಥಪೊಡೈಟಿಸ್ ಮರದಲ್ಲೂ ಇದೆ. ಪಾಸಿಟಿವ್ ಕಂಟ್ರೋಲ್ (ಕೆಲಸ ಮಾಡುತ್ತದೆಂದು ಗೊತ್ತಿರುವ ಹೋಲಿಕೆಯ ಔಷಧ) ಆಗಿ ಇವುಗಳಲ್ಲೊಂದನ್ನು ಇಡಿ. ಇರಿನೊಟಿಕ್ಯಾನ್ ಬದಲು ಅದರ ಸಕ್ರಿಯ ರೂಪ ಎಸ್‌ಎನ್-38 ಬಳಸಿ.

ರೋಗಿಗಳ ಕಡೆಯವರು ಇದನ್ನು ಓದುತ್ತಿದ್ದರೆ: ಕಾಳುಮೆಣಸಿನ ಪೈಪರಿನ್ ಬೆರೆಸಿದ ಕರ್ಕ್ಯುಮಿನ್ ಕ್ಯಾಪ್ಸೂಲನ್ನು ಕೀಮೋ ನಡೆಯುವಾಗ ವೈದ್ಯರಿಗೆ ಹೇಳದೆ ಕೊಡಬೇಡಿ. ದೇಹದಲ್ಲಿ ಡೋಸಿಟ್ಯಾಕ್ಸೆಲ್ ಒಡೆಯುವ ಯಕೃತ್ತಿನ ಕಿಣ್ವವನ್ನೇ ಪೈಪರಿನ್ ತಡೆಯಬಲ್ಲದು.

ಪ್ರಶ್ನೆ ಕೇಳಿದವರು:
ಧನ್ಯವಾದ ಸರ್. ಅಪೊಪ್ಟೋಸಿಸ್ (ಕೋಶ ತಾನಾಗಿ ಸಾಯುವುದು) ನೋಡೋಕೆ ಲ್ಯಾಬಿನಲ್ಲಿ ಅನೆಕ್ಸಿನ್-ಎಫ್‌ಐಟಿಸಿ ಕಿಟ್ (ಸಾಯುವ ಕೋಶಕ್ಕೆ ಹಸಿರು ಹೊಳಪು ಅಂಟಿಸುವಂಥದ್ದು) ಇದೆ, ನಡೆಯುತ್ತಾ?

ಉತ್ತರ 1:
ಬೇಡ. ಕರ್ಕ್ಯುಮಿನ್ ತಾನೇ ಹಸಿರಾಗಿ ಹೊಳೆಯುತ್ತದೆ, ಬದುಕಿರುವ ಕೋಶವೂ ಪಾಸಿಟಿವ್ ಅಂತ ಬರುತ್ತದೆ. ಕೆಂಪಾಗಿ ಹೊಳೆಯುವ ಎಪಿಸಿ ಬಣ್ಣದ ಅನೆಕ್ಸಿನ್ ತರಿಸಿ, ಔಷಧ ಹಾಕಿ ಬಣ್ಣ ಹಾಕದ ಒಂದು ಟ್ಯೂಬನ್ನೂ ಓಡಿಸಿ. ತೇಲುವ ಕೋಶಗಳನ್ನು ಚೆಲ್ಲದೆ, ಟ್ರಿಪ್ಸಿನ್‌ನಿಂದ ಬಿಡಿಸಿದವುಗಳ ಜೊತೆಗೇ ಸೇರಿಸಿ.